ಅಥೆನ್ಸಿನ ಗೂಬೆ ನಾಣ್ಯಕ್ಕೆ ಎಷ್ಟು ಕೊಡಬಹುದು?

ಎರಡೂವರೆ ಸಾವಿರ ವರ್ಷ ಹಳೆಯದು ಎಂದ ಮಾತ್ರಕ್ಕೆ ನಾಣ್ಯಕ್ಕೆ ಬೆಲೆ ಬರುವುದಿಲ್ಲ. ಪ್ರಾಚೀನ ಗ್ರೀಕ್ ನಾಣ್ಯಗಳ ಮಾರುಕಟ್ಟೆಯಲ್ಲಿ ಎಲ್ಲವೂ ಹಳೆಯದೇ. ಅಂಥ ನಾಣ್ಯ ಎಷ್ಟು ಸಿಗುತ್ತದೆ, ಎಷ್ಟು ಜನರಿಗೆ ಬೇಕು ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ. ಕೈಯಲ್ಲಿರುವ ಬಿಲ್ಲೆಯ ಸ್ಥಿತಿ ಅದನ್ನು ಮೇಲೆ ಕೆಳಗೆ ಆಡಿಸುತ್ತದೆ. ಇದನ್ನು ಕಲಿಯಲು ಅಥೆನ್ಸಿನ ಬೆಳ್ಳಿಯ ಟೆಟ್ರಡ್ರಾಕ್ಮ್, ಅಂದರೆ ನಾಲ್ಕು ಡ್ರಾಕ್ಮ್‌ನ (ಡ್ರಾಕ್ಮ್ ಅಂದಿನ ಗ್ರೀಕ್ ಹಣ) ಗೂಬೆ ನಾಣ್ಯಕ್ಕಿಂತ ಒಳ್ಳೆಯ ಪಾಠವಿಲ್ಲ. ಹೆಸರು ದೊಡ್ಡದು, ಆದರೆ ಅಪರೂಪದ್ದಲ್ಲ. ಯಾವ ವಾರ ಹುಡುಕಿದರೂ ಒಂದಲ್ಲ ಒಂದು ಹರಾಜಿನಲ್ಲಿ ಇದ್ದೇ ಇರುತ್ತದೆ.

ಯಾವ ಗೂಬೆ?

ಮೊದಲು ಕಾಲ ಗುರುತಿಸಬೇಕು, ಇಲ್ಲದಿದ್ದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಹೆಚ್ಚಾಗಿ ಸಿಗುವುದು ಕ್ರಿ.ಪೂ. 454ರಿಂದ 404ರ ನಡುವೆ ಲಾರಿಯನ್ ಗಣಿಯ ಬೆಳ್ಳಿಯಿಂದ ರಾಶಿರಾಶಿಯಾಗಿ ಅಚ್ಚಾದದ್ದು. ತೂಕ ಸುಮಾರು 17.2 ಗ್ರಾಂ, ಅಗಲ 24 ಮಿಲಿಮೀಟರ್ ಆಸುಪಾಸು. ಒಂದು ಬದಿಯಲ್ಲಿ ಬಲಕ್ಕೆ ನೋಡುವ ಅಥೀನಾ ದೇವಿ. ಶಿರಸ್ತ್ರಾಣದ ಮೇಲೆ ಮೂರು ಆಲಿವ್ ಎಲೆ, ಮುಖ ಪಕ್ಕಕ್ಕಿದ್ದರೂ ಕಣ್ಣು ಎದುರು ನೋಡುವಂಥದ್ದು. ಇನ್ನೊಂದು ಬದಿಯಲ್ಲಿ ಗೂಬೆ, ಅದರ ಹಿಂದೆ ಆಲಿವ್ ಚಿಗುರು ಮತ್ತು ಎಳೆ ಚಂದ್ರ, ಮುಂದೆ ಆಲ್ಫಾ, ಥೀಟಾ, ಎಪ್ಸಿಲಾನ್ ಎಂಬ ಮೂರು ಅಕ್ಷರ. ಶಿರಸ್ತ್ರಾಣದ ಎಲೆಯೂ ಚಂದ್ರನೂ ಇಲ್ಲದಿದ್ದರೆ ಅದು ಇನ್ನೂ ಹಳೆಯ, ಹೆಚ್ಚು ವಿರಳವಾದ ಮಾದರಿ. ಕಣ್ಣು ಪಕ್ಕನೋಟದ್ದಾಗಿದ್ದರೆ ನಾಲ್ಕನೇ ಶತಮಾನದ್ದು. ತೆಳ್ಳಗೆ ಅಗಲವಾಗಿ, ಗೂಬೆ ಮಡಕೆಯ ಮೇಲೆ ನಿಂತಿದ್ದರೆ ಕ್ರಿ.ಪೂ. ಎರಡನೇ ಶತಮಾನದ ಹೊಸ ಶೈಲಿ. ಈಜಿಪ್ಟ್ ಮತ್ತು ಪೂರ್ವದ ನಾಡುಗಳಲ್ಲಿ ಆಗಲೇ ಹೊಡೆದ ಅನುಕರಣೆಗಳೂ ಉಂಟು. ಒಂದೊಂದಕ್ಕೂ ಬೇರೆ ಬೆಲೆ.

ಹಳೆಯ ಹರಾಜುಗಳ ಪಟ್ಟಿ

ವ್ಯಾಪಾರಿ ಕೇಳುವ ಬೆಲೆ, ಹರಾಜು ಮನೆ ಮುದ್ರಿಸುವ ಅಂದಾಜು, ಇವೆರಡನ್ನೂ ಪಕ್ಕಕ್ಕಿಡಿ. ಅಂದಾಜನ್ನು ಎಷ್ಟೋ ಸಲ ಬೇಕೆಂದೇ ಕೆಳಗಿಟ್ಟಿರುತ್ತಾರೆ, ಕೂಗುವವರು ಸೇರಲಿ ಎಂದು. ನಿಮಗೆ ಬೇಕಾದದ್ದು ನಿಜವಾಗಿ ಮಾರಾಟವಾದ ಬೆಲೆ. ಎಸಿಸರ್ಚ್, ಕಾಯಿನ್‌ಆರ್ಕೈವ್ಸ್‌ನಂಥ ತಾಣಗಳಲ್ಲಿ ಹಳೆಯ ಹರಾಜುಗಳ ಚಿತ್ರ ಮತ್ತು ಫಲಿತಾಂಶ ಇರುತ್ತವೆ. ಪೂರ್ತಿ ಬೆಲೆಪಟ್ಟಿ ತೆರೆಯಲು ಚಂದಾ ಕಟ್ಟಬೇಕಾಗಬಹುದು. ಒಂದು ನಾಣ್ಯದ ಮೇಲೆ ಎಡವುವುದಕ್ಕೆ ಹೋಲಿಸಿದರೆ ಆ ಚಂದಾ ಅಗ್ಗ.

ಕಳೆದ ಎರಡು ಮೂರು ವರ್ಷದ ಕನಿಷ್ಠ 12 ಫಲಿತಾಂಶ ತೆಗೆಯಿರಿ. ಅದಕ್ಕಿಂತ ಹಳೆಯವು ದಾರಿ ತಪ್ಪಿಸುತ್ತವೆ: 2010ರ ದಶಕದ ಕೊನೆಯಲ್ಲಿ ಗೂಬೆಗಳು ಭಾರಿ ಸಂಖ್ಯೆಯಲ್ಲಿ ಮಾರುಕಟ್ಟೆಗೆ ಬಂದು, ಸಾಧಾರಣ ನಾಣ್ಯಗಳ ಬೆಲೆ ಕುಸಿದಿತ್ತು. ಇನ್ನು ಬೆಲೆ ನೋಡದೆ, ಬರೀ ಚಿತ್ರ ನೋಡಿ ಆ 12ನ್ನೂ ಒಳ್ಳೆಯದರಿಂದ ಕೆಟ್ಟದ್ದಕ್ಕೆ ಸಾಲಾಗಿ ಜೋಡಿಸಿ. ನೀವು ಕೊಳ್ಳಬೇಕೆಂದಿರುವ ನಾಣ್ಯ ಆ ಸಾಲಿನಲ್ಲಿ ಯಾವ ಎರಡರ ನಡುವೆ ಕೂರುತ್ತದೆ ಎಂದು ನಿರ್ಧರಿಸಿ. ಆಮೇಲಷ್ಟೇ ಬೆಲೆ ಬರೆದುಕೊಳ್ಳಿ. ಮೊದಲೇ ಬೆಲೆ ಕಂಡರೆ ಕಣ್ಣು ದುಬಾರಿಯದ್ದನ್ನೇ ಚಂದ ಎನ್ನುತ್ತದೆ. ತೀರಾ ಮೇಲಿನ ಬೆಲೆ ಇಬ್ಬರ ಹಟದ ಫಲವಾಗಿರಬಹುದು, ತೀರಾ ಕೆಳಗಿನದರಲ್ಲಿ ಚಿತ್ರಕ್ಕೆ ಕಾಣದ ಊನ ಇರಬಹುದು. ಎರಡನ್ನೂ ಬಿಟ್ಟು, ಅಕ್ಕಪಕ್ಕದ ನಾಲ್ಕೈದರ ನಡುವಿನ ಬೆಲೆಯನ್ನು ಹಿಡಿಯಿರಿ.

ಎಲ್ಲಿ ಹೆಚ್ಚುತ್ತದೆ, ಎಲ್ಲಿ ಇಳಿಯುತ್ತದೆ

ಗೂಬೆ ನಾಣ್ಯದ ಬಿಲ್ಲೆ ದಪ್ಪ, ಆದರೆ ಕಿರಿದು. ಅಚ್ಚು ಅದಕ್ಕಿಂತ ದೊಡ್ಡದು. ಹಾಗಾಗಿ ಅಥೀನಾಳ ಶಿರಸ್ತ್ರಾಣದ ತುರಾಯಿ ಬಹುತೇಕ ನಾಣ್ಯಗಳಲ್ಲಿ ಅಂಚಿನಾಚೆ ಹೋಗಿರುತ್ತದೆ. ತುರಾಯಿ ಪೂರ್ತಿ ಉಳಿದ ನಾಣ್ಯ, ಮೂಗು ಗಲ್ಲ ಕತ್ತರಿಸದೆ ನಡುವಿಗೆ ಸರಿಯಾಗಿ ಕೂತಿದ್ದರೆ, ಸಾಧಾರಣದ್ದರ ಎರಡು ಮೂರು ಪಟ್ಟಿಗೂ ಹೋಗುತ್ತದೆ. ಸವೆತಕ್ಕಿಂತ ಈ ಕೂರುವಿಕೆಗೇ ಇಲ್ಲಿ ಹೆಚ್ಚು ಮರ್ಯಾದೆ. ನಾಣ್ಯಗಳಿಗೆ ದರ್ಜೆ ಕೊಡುವ ಎನ್‌ಜಿಸಿ ಕಂಪನಿಯ ಡಬ್ಬಿಯಲ್ಲಿ ಬಂದ ನಾಣ್ಯವಾದರೆ ದರ್ಜೆಯ ಜೊತೆಗೆ ಹೊಡೆತಕ್ಕೆ ಐದರಲ್ಲಿ ಎಷ್ಟು, ಮೇಲ್ಮೈಗೆ ಐದರಲ್ಲಿ ಎಷ್ಟು ಎಂಬ ಅಂಕಗಳಿರುತ್ತವೆ. ದರ್ಜೆ ದೊಡ್ಡದಿದ್ದು ಮೇಲ್ಮೈಗೆ 2 ಎಂದಿದ್ದರೆ, ಆ 2 ಯಾಕೆ ಎಂದು ಕೇಳಿ.

ಉಳಿಯಿಂದ ಹೊಡೆದ ಕಚ್ಚು ಬೆಲೆಯನ್ನು ಚೆನ್ನಾಗಿಯೇ ಇಳಿಸುತ್ತದೆ, ಅದರಲ್ಲೂ ಅದು ಅಥೀನಾಳ ಮುಖದ ಮೇಲಿದ್ದರೆ. ಒಳಗೆ ತಾಮ್ರವಿದೆಯೇ ಎಂದು ಅಂದಿನ ಚಿನಿವಾರರು ಮಾಡಿದ ಪರೀಕ್ಷೆ ಅದು. ಕ್ರಿ.ಪೂ. 375ರ ಸುಮಾರಿಗೆ ಅಥೆನ್ಸಿನಲ್ಲಿ ಕಾನೂನೇ ಬಂತು: ಸರ್ಕಾರಿ ಪರೀಕ್ಷಕ ಪೇಟೆಯಲ್ಲಿ ಕೂತು ನಾಣ್ಯ ನೋಡಬೇಕು, ಒಳಗೆ ಕಂಚು ಅಥವಾ ಸೀಸ ಇದ್ದರೆ ಕತ್ತರಿಸಿಬಿಡಬೇಕು. ಕಡಿಮೆ ದುಡ್ಡಿನಲ್ಲಿ ನಿಜವಾದ ಗೂಬೆ ಬೇಕೆನ್ನುವವರಿಗೆ, ಹಿಂಬದಿಯ ಒಂದು ಕಚ್ಚು ಒಳ್ಳೆಯ ಚೌಕಾಸಿಯೇ ಸರಿ.

ಕ್ಷಮಿಸಬಾರದ ಊನಗಳು ಬೇರೆ. ಸವೆದ ಕೂದಲಿನ ಗೆರೆಗಳನ್ನು ಸೂಜಿಯಿಂದ ಮತ್ತೆ ಕೆತ್ತಿರುವುದು, ಹೊಂಡ ತುಂಬಲು ಉಜ್ಜಿ ನಯ ಮಾಡಿರುವುದು, ಒಡವೆಗೆ ಕೂರಿಸಿದ್ದ ಗುರುತು ಅಂಚಿನಲ್ಲಿರುವುದು. 10 ಪಟ್ಟು ಭೂತಗನ್ನಡಿ ಹಿಡಿದು ಅಡ್ಡ ಬೆಳಕಿನಲ್ಲಿ ನೋಡಿ: ಗೆರೆಗಳು ಸುತ್ತಲಿನ ಮೇಲ್ಮೈಗಿಂತ ಚೂಪಾಗಿ ಹೊಳೆದರೆ ಅನುಮಾನಿಸಿ.

ತೂಕ ಮತ್ತು ನೀರು

ಖೋಟಾ ನಾಣ್ಯಕ್ಕೆ ನ್ಯಾಯಬೆಲೆ ಎಂಬುದೇ ಇಲ್ಲ. 0.01 ಗ್ರಾಂ ತೋರಿಸುವ ತಕ್ಕಡಿ ಸಾಕು. ಮೊದಲು ನಾಣ್ಯ ತೂಗಿ. ನಂತರ ನೀರು ತುಂಬಿದ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ತೆಳು ದಾರದಲ್ಲಿ ನಾಣ್ಯವನ್ನು ಪೂರ್ತಿ ಮುಳುಗುವಂತೆ ಇಳಿಬಿಡಿ. ತಳ, ಪಕ್ಕ ತಾಕಬಾರದು. 17.20 ಗ್ರಾಂನ ಬೆಳ್ಳಿ ನಾಣ್ಯಕ್ಕೆ ತಕ್ಕಡಿ ಸುಮಾರು 1.64 ತೋರಿಸಬೇಕು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 10.5, ಅದು ಬೆಳ್ಳಿಯ ಸಾಂದ್ರತೆ. ತಾಮ್ರದ ಮೇಲೆ ಬೆಳ್ಳಿ ಮುಚ್ಚಿದ್ದರೆ ಉತ್ತರ 9ರ ಕಡೆ ಜಾರುತ್ತದೆ. ನಾಣ್ಯಕ್ಕೆ ಅಂಟಿದ ಗಾಳಿಗುಳ್ಳೆ, ಬಿರುಕಿನೊಳಗಿನ ಗಾಳಿ ಕೂಡ ಉತ್ತರವನ್ನು ಇಳಿಸುತ್ತವೆ. ಗುಳ್ಳೆ ಒರೆಸಿ ಮೂರು ಸಲ ತೂಗಿ. ಹಳೆಯ ಬೆಳ್ಳಿ ಒಳಗೇ ಹರಳುಗಟ್ಟಿ ಪುಡಿಯಾಗುವಂತಿದ್ದರೆ ಈ ಪರೀಕ್ಷೆ ಬೇಡ.

ಈ ಪರೀಕ್ಷೆ ಹಿಡಿಯದ ಮೋಸವೂ ಇದೆ. ಒಳ್ಳೆಯ ಬೆಳ್ಳಿಯಲ್ಲೇ ಹೊಸ ಅಚ್ಚಿನಿಂದ ಹೊಡೆದ ನಕಲಿ ತೂಕದಲ್ಲೂ ನೀರಿನಲ್ಲೂ ಪಾಸಾಗುತ್ತದೆ. ಅಂಥದ್ದರ ವಿರುದ್ಧ ಇರುವ ದೊಡ್ಡ ಕಾವಲು, ನಕಲಿ ಎಂದು ತಿಳಿದರೆ ಯಾವಾಗ ಬೇಕಾದರೂ ಹಣ ಹಿಂತಿರುಗಿಸುತ್ತೇವೆ ಎಂದು ಬರೆದುಕೊಡುವ ಮಾರಾಟಗಾರ. ಆ ಭರವಸೆಗೆ ಹತ್ತಿಪ್ಪತ್ತು ಶೇಕಡಾ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಕೂಗಿನ ಲೆಕ್ಕ

ಪಟ್ಟಿಯಲ್ಲಿ ಕಾಣುವುದು ಸಾಮಾನ್ಯವಾಗಿ ಸುತ್ತಿಗೆ ಬಿದ್ದ ಬೆಲೆ, ಅಂದರೆ ಕೊನೆಯ ಕೂಗು. ಅದರ ಮೇಲೆ ಹರಾಜು ಮನೆ ಸಾಮಾನ್ಯವಾಗಿ 15ರಿಂದ 25 ಶೇಕಡಾ ಪ್ರೀಮಿಯಂ, ಅಂದರೆ ಕೊಳ್ಳುವವರಿಂದ ತನ್ನ ಶುಲ್ಕ, ಹಾಕುತ್ತದೆ. ಕೆಲವರು ಅದನ್ನು ಸೇರಿಸಿಯೇ ಫಲಿತಾಂಶ ಪ್ರಕಟಿಸುತ್ತಾರೆ, ಹಾಗಾಗಿ ಹೋಲಿಸುವ ಮೊದಲು ಎಲ್ಲವನ್ನೂ ಒಂದೇ ಅಳತೆಗೆ ತನ್ನಿ. ಉದಾಹರಣೆಗೆ, ಪ್ರೀಮಿಯಂ ಸೇರಿ 720 ಯೂರೋ ನ್ಯಾಯವೆಂದು ನಿಮ್ಮ ಲೆಕ್ಕ, ಪ್ರೀಮಿಯಂ 20 ಶೇಕಡಾ. ಆಗ ಕೂಗಿನ ಮಿತಿ 720ನ್ನು 1.20ರಿಂದ ಭಾಗಿಸಿದ 600. ಹಲವರು 720ರಿಂದ 20 ಶೇಕಡಾ ಕಳೆದು 576ಕ್ಕೆ ನಿಲ್ಲುತ್ತಾರೆ, ನಾಣ್ಯ ಕೈತಪ್ಪುತ್ತದೆ. ಅಂಚೆ, ವಿಮೆ, ಬ್ಯಾಂಕಿನ ವಿನಿಮಯ ಶುಲ್ಕ, ಭಾರತಕ್ಕೆ ತರಿಸುವುದಾದರೆ ಕಸ್ಟಮ್ಸ್, ಇವೆಲ್ಲ ಬೇರೆ. ಇವನ್ನು 720ರೊಳಗೇ ಹಿಡಿಸಬೇಕೋ ಮೇಲೆ ಹಾಕಬೇಕೋ ಎಂದು ಹರಾಜಿಗೆ ಮುಂಚೆಯೇ ತೀರ್ಮಾನಿಸಿ.

ಕಾಗದಪತ್ರದ ಬೆಲೆ

ಹಿಂದೆ ಯಾರ ಬಳಿ ಇತ್ತು ಎಂಬ ದಾಖಲೆ ಇದ್ದರೆ ಬೆಲೆ ಏರುತ್ತದೆ. ಆದರೆ ದಾಖಲೆಯನ್ನೂ ಪರೀಕ್ಷಿಸಬೇಕು, ಹಳೆಯ ಹರಾಜು ಸೂಚಿಯ ಚಿತ್ರದಲ್ಲಿ ಅದೇ ನಾಣ್ಯ, ಅದೇ ಗೀರು ಕಾಣಬೇಕು. 2020ರಲ್ಲಿ ದಾಖಲೆ ಬೆಲೆಗೆ ಹರಾಜಾದ ಬ್ರೂಟಸ್‌ನ ಚಿನ್ನದ ರೋಮನ್ ನಾಣ್ಯದ ಹಿನ್ನೆಲೆಯೇ ಸುಳ್ಳೆಂದು ತಿಳಿದು, 2023ರಲ್ಲಿ ಅದನ್ನು ಗ್ರೀಸ್‌ಗೆ ಒಪ್ಪಿಸಲಾಯಿತು.

ನಮ್ಮಲ್ಲಿ ಕೊಳ್ಳುವವರಿಗೆ ಇನ್ನೊಂದು ಲೆಕ್ಕ. 1972ರ ಪುರಾತನ ವಸ್ತು ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಬೆಂಗಳೂರಿನಲ್ಲಿ ಕೊಂಡ, ಇಂಡೋ-ಗ್ರೀಕ್ ರಾಜ ಮಿನಾಂಡರನ ಎರಡೂವರೆ ಗ್ರಾಂ ಡ್ರಾಕ್ಮ್‌ಗೆ ಲಂಡನ್ನಿನ ಹರಾಜಿನ ಬೆಲೆ ತೋರಿಸಿ ಯಾರಾದರೂ ಹಣ ಕೇಳಿದರೆ, ನೀವು ಅದನ್ನು ಅಲ್ಲಿ ಮಾರಲಾರಿರಿ ಎಂಬುದು ನೆನಪಿರಲಿ. ಅಂಥ ನಾಣ್ಯಕ್ಕೆ ಇಲ್ಲಿನ ಹರಾಜುಗಳ ಫಲಿತಾಂಶದಿಂದಲೇ ಬೇರೆ ಪಟ್ಟಿ ಮಾಡಿ, ಬಿಲ್ಲಿನ ಮೇಲೆ ತೂಕವನ್ನೂ ಬರೆಸಿಕೊಳ್ಳಿ.