ಅಂಗಡಿಯ ನೋಟು ಗೃಹಲಕ್ಷ್ಮಿಗೆ: ಬ್ರಾಂಚ್ ಆಫೀಸಿನ ಕ್ಯಾಶ್ ಹೊಂದಿಸಿದ ಬಗೆ

'ಇವತ್ತು ಕ್ಯಾಶ್ ಇಲ್ಲ, ನಾಳೆ ಬನ್ನಿ' ಅಂತ ತಿಂಗಳಿಗೆ ಎಂಟು ಸಲ ಹೇಳಿದರೆ, ಒಂಬತ್ತನೇ ಸಲ ಹೇಳಿಸಿಕೊಳ್ಳಲು ಯಾರೂ ಬರುವುದಿಲ್ಲ. ಬ್ರಾಂಚ್ ಪೋಸ್ಟ್ ಆಫೀಸುಗಳು ಸೊರಗುವುದು ಪತ್ರ ಬರೆಯುವವರು ಕಡಿಮೆಯಾದರು ಅಂತಲ್ಲ, ಈ ಒಂದು ಮಾತಿನಿಂದ. ಇದು ನನ್ನ ಅಭಿಪ್ರಾಯ. ಒಪ್ಪದ ಬಿಪಿಎಂಗಳು (ಬ್ರಾಂಚ್ ಪೋಸ್ಟ್ ಮಾಸ್ಟರ್‌ಗಳು) ಬೇಕಾದಷ್ಟಿದ್ದಾರೆ.

ನನ್ನ ಬ್ರಾಂಚ್ ಆಫೀಸು ಇರುವುದು ಉಡುಪಿ ಜಿಲ್ಲೆಯ ಶಿರ್ವ, ಶಂಕರಪುರದ ಕಡೆಯ ಮಲ್ಲಿಗೆ ಸೀಮೆಯಲ್ಲಿ, ಸುಮಾರು ಆರುನೂರು ಮನೆ. ಬೀಡಿ ಕಟ್ಟುವವರು, ಹೂ ಕಟ್ಟುವವರು, ಮಕ್ಕಳು ಮುಂಬೈಯಲ್ಲಿರುವ ಹಿರಿಯರು. 'ಇಲ್ಲಿ ಅಂಚೆಗೆ ಯಾರು ದುಡ್ಡು ಕಟ್ಟುತ್ತಾರೆ ಮಾರಾಯ್ರೆ' ಅಂದವರ ಮಾತಿನಲ್ಲೂ ಹುರುಳಿತ್ತು. ಪಿಗ್ಮಿ ಹುಟ್ಟಿದ ನೆಲ ಇದು. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ಮನೆಬಾಗಿಲಿಗೆ ಹೋಗಿ ಆಣೆ ಲೆಕ್ಕದಲ್ಲಿ ಉಳಿತಾಯ ಎತ್ತಲು ಶುರು ಮಾಡಿದ್ದು ಇಲ್ಲಿಯೇ. ಈಗ ಪ್ರತಿ ಸೊಸೈಟಿಗೂ ಒಬ್ಬ ಪಿಗ್ಮಿ ಕಲೆಕ್ಟರ್ ಇದ್ದಾರೆ. ಅವರ ಜೊತೆ ಜಮೆಯಲ್ಲಿ ಪೈಪೋಟಿಗೆ ಇಳಿದರೆ ಸೋಲು ಖಂಡಿತ. ಆದರೆ ಪಿಗ್ಮಿ ಕಲೆಕ್ಟರ್ ದುಡ್ಡು ಒಯ್ಯುತ್ತಾರೆ, ಬಾಗಿಲಲ್ಲಿ ಕೊಡುವುದಿಲ್ಲ. ನಾವು ಕೊಡುತ್ತೇವೆ. ಆಧಾರ್ ಬೆರಳಿಟ್ಟರೆ ಯಾವ ಬ್ಯಾಂಕಿನ ಖಾತೆಯಿಂದಾದರೂ ಒಂದು ಸಲಕ್ಕೆ ಹತ್ತು ಸಾವಿರದವರೆಗೆ.

ಕೊಡಲು ಪೆಟ್ಟಿಗೆಯಲ್ಲಿ ಇರಬೇಕಲ್ಲ! ಮಿತಿ ದಾಟಿದ ಕ್ಯಾಶ್ ಚೀಲದಲ್ಲಿ ಮೇಲಿನ ಕಚೇರಿಗೆ ಹೋಗುತ್ತದೆ. ಬೇಕಾದಾಗ ಬರೆದು ಕಳಿಸಿದರೆ ಬರುವುದು ಮರುದಿನದ ಚೀಲದಲ್ಲಿ. ಗೃಹಲಕ್ಷ್ಮಿಯ ಎರಡು ಸಾವಿರ ಯಾವ ದಿನ ಜಮೆಯಾಗುತ್ತದೆಂದು ಮೊದಲೇ ಗೊತ್ತಾಗುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ 'ಕಾಸ್ ಬತ್ತ್ಂಡಾ?' (ದುಡ್ಡು ಬಂತಾ?) ಎಂದು ಫೋನ್ ಶುರುವಾದರೆ ಹನ್ನೊಂದಕ್ಕೆ ಜಗಲಿಯಲ್ಲಿ ನಲವತ್ತು ಜನ.

ಮೊದಲು ಮಾಡಿದ್ದು ಆರು ವಾರದ ಗೀಟು ಪುಸ್ತಕ. ದಿನ, ಬಂದ ನಗದು, ಹೋದ ನಗದು, ಇಲ್ಲ ಎಂದು ವಾಪಸು ಕಳಿಸಿದ ಮೊತ್ತ. ಕೊನೆಯ ಕಾಲಂ ಯಾವ ರಿಪೋರ್ಟಿನಲ್ಲೂ ಇರುವುದಿಲ್ಲ, ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ನನ್ನ ನೆನಪಿನಲ್ಲಿ ಆ ಆರು ವಾರದಲ್ಲಿ ವಾಪಸು ಹೋದದ್ದು ಒಂದೂವರೆ ಲಕ್ಷದ ಹತ್ತಿರ. ಅದೇ ಹೊತ್ತಿಗೆ ಐನೂರು ಮೀಟರ್ ಆಚೆಯ ದಿನಸಿ ಅಂಗಡಿ, ಕೋಳಿ ಅಂಗಡಿ, ಪಡಿತರದ ಅಂಗಡಿಯವರು ನೋಟಿನ ಕಟ್ಟು ಹಿಡಿದು ಪೇಟೆಯ ಬ್ಯಾಂಕಿಗೆ ಬಸ್ಸು ಹತ್ತುತ್ತಿದ್ದರು. ಅದು ನಮ್ಮಲ್ಲಿಂದ ಹೋದ ನೋಟೇ. ಹೆಂಗಸರು ಇಲ್ಲಿ ತೆಗೆದು ಅಲ್ಲಿ ಅಕ್ಕಿ, ಮೀನು ತರುತ್ತಾರೆ. ಆ ನೋಟು ಪೇಟೆಗೆ ಹೋಗದೆ ಹಿಂದೆ ತಿರುಗಿದರೆ ಆಯಿತು.

ಇಲ್ಲಿ ಮೊದಲ ಪೆಟ್ಟು. ಅಂಗಡಿಯವರಿಗೆ ಐಪಿಪಿಬಿ (ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್) ಸಾಮಾನ್ಯ ಉಳಿತಾಯ ಖಾತೆ ಮಾಡಿಸಿದೆ. ಅದರಲ್ಲಿ ತಿಂಗಳಿಗೆ ಹತ್ತು ಸಾವಿರದವರೆಗೆ ಮಾತ್ರ ನಗದು ಜಮೆ ಉಚಿತ. ಮೇಲಿನದಕ್ಕೆ ಶೇ. 0.50, ಕನಿಷ್ಠ 25 ರೂಪಾಯಿ. ತಿಂಗಳ ಕೊನೆಗೆ ಕೋಳಿ ಅಂಗಡಿಯವರು ಬೈದ ಬೈಗುಳ ಕೇಳುವ ಹಾಗಿರಲಿಲ್ಲ. ತಪ್ಪು ನನ್ನದೇ, ದರಪಟ್ಟಿ ಓದಿರಲಿಲ್ಲ. ಆಮೇಲೆ ಅವರ ಸ್ವಂತ ಹೆಸರಿನಲ್ಲಿ ಅಂಚೆ ಕಚೇರಿಯದೇ ಎಸ್‌ಬಿ (ಉಳಿತಾಯ) ಖಾತೆ ತೆರೆದು ಅದನ್ನು ಐಪಿಪಿಬಿಗೆ ಲಿಂಕ್ ಮಾಡಿದೆ. ನಗದು ಕಟ್ಟುವುದು ಎಸ್‌ಬಿಗೆ, ಶುಲ್ಕವಿಲ್ಲ. ಸಪ್ಲೈಯರ್‌ಗೆ ಕಳಿಸುವಾಗ ಆ್ಯಪ್‌ನಲ್ಲಿ ಎಸ್‌ಬಿಯಿಂದ ಐಪಿಪಿಬಿಗೆ ಎಳೆದು ಅಲ್ಲಿಂದ ಮುಂದೆ. ಎಸ್‌ಬಿಯಲ್ಲಿ ಐನೂರು ಉಳಿಸಲು ಹೇಳಿ, ಇಲ್ಲದಿದ್ದರೆ ಮಾರ್ಚ್ ಕೊನೆಗೆ ಐವತ್ತು ರೂಪಾಯಿ ಕತ್ತರಿ. ಒಂದು ಖಾತೆಗೆ ಒಂದು ದಿನ ಐವತ್ತು ಸಾವಿರದ ಮೇಲೆ ನಗದು ಜಮೆಯನ್ನು ಬ್ರಾಂಚ್ ಆಫೀಸಿನಲ್ಲಿ ತೆಗೆದುಕೊಳ್ಳುವಂತಿಲ್ಲ. ಹಳ್ಳಿ ಅಂಗಡಿಗೆ ಅಷ್ಟು ಧಾರಾಳ ಸಾಕು.

ಅಂಗಡಿಯ ಜಮೆ ಬೆಳಿಗ್ಗೆಯೇ, ಕೌಂಟರ್ ತೆರೆದ ಮೊದಲ ಅರ್ಧ ಗಂಟೆಯಲ್ಲಿ. ಜಮೆ ಮೊದಲು ಯಂತ್ರದಲ್ಲಿ, ರಸೀದಿ ಅವರ ಕೈಯಲ್ಲಿ, ಆಮೇಲೆ ನೋಟು ಪೆಟ್ಟಿಗೆಯಲ್ಲಿ. 'ಎಂಟ್ರಿ ಸಂಜೆ ಮಾಡುತ್ತೇನೆ' ಅಂದ ದಿನ ಬಿಪಿಎಂ ಕೆಲಸ ಮುಗಿಯಿತು ಅಂತಲೇ ಲೆಕ್ಕ. ಸರ್ವರ್ ಇಲ್ಲದಿದ್ದರೆ ದುಡ್ಡು ಮುಟ್ಟಬೇಡಿ, ಪಾಸ್‌ಬುಕ್ ಇಟ್ಟುಕೊಳ್ಳಬೇಡಿ. ದಿನದ ಕೊನೆಗೆ ಐಪಿಪಿಬಿ ಮೊತ್ತವೂ ಅಂಚೆ ಲೆಕ್ಕವೂ ಪೆಟ್ಟಿಗೆಯ ನೋಟೂ ಮೂರೂ ಕೂಡಬೇಕು. ಕೂಡದಿದ್ದರೆ ಶೇ. 90 ಪಾಲು ಕಾರಣ ಟೈಮ್‌ಔಟ್ ಆದ ಒಂದು ಎಇಪಿಎಸ್, ಅಂದರೆ ಆಧಾರ್ ಬೆರಳಿಟ್ಟು ಮಾಡುವ ವಹಿವಾಟು.

ಅದರ ಬಗ್ಗೆ: ಪರದೆ ಸುತ್ತುತ್ತಾ ನಿಂತರೆ ಹಣ ತೆಗೆಯಲು ಎರಡನೇ ಸಲ ಬೆರಳಿಡಿಸಬೇಡಿ. ಮೊದಲು ಮಿನಿ ಸ್ಟೇಟ್‌ಮೆಂಟ್. ಕಡಿತವಾಗಿ ನಮ್ಮಲ್ಲಿ ಖಚಿತವಾಗದಿದ್ದರೆ ನಗದು ಕೊಡಬೇಡಿ. ವಹಿವಾಟಿನ ದಿನದಿಂದ ಐದು ದಿನದೊಳಗೆ ಅವರ ಖಾತೆಗೆ ತಿರುಗಿ ಬರಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ, ತಡವಾದರೆ ದಿನಕ್ಕೆ ನೂರು ರೂಪಾಯಿ ಪರಿಹಾರ. ಇದನ್ನು ತುಳುವಿನಲ್ಲೇ ಬರೆದು ಗೋಡೆಗೆ ಹಚ್ಚಿದ ಮೇಲೆ ಜಗಳ ಅರ್ಧಕ್ಕರ್ಧ ಇಳಿಯಿತು.

ಬೀಡಿ ಕಟ್ಟುವವರ ಬೆರಳು ಬೇರೆಯೇ ಸಮಸ್ಯೆ. ಎಲೆ ಸುರುಳಿ ಮಾಡಿ ಮಾಡಿ ಹೆಬ್ಬೆಟ್ಟು, ತೋರುಬೆರಳಿನ ಗೆರೆ ಗಾಜಿನಂತೆ ನುಣುಪಾಗಿರುತ್ತದೆ. ಉಂಗುರ ಬೆರಳಿನಿಂದ ಶುರು ಮಾಡಿ. ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಒರೆಸಿ, ಅರ್ಧ ನಿಮಿಷ ಬಿಟ್ಟು ಇಡಿಸಿ. ಒದ್ದೆ ಬೆರಳೂ ಕೆಲಸಕ್ಕೆ ಬಾರದು, ತೀರಾ ಒಣ ಬೆರಳೂ ಬಾರದು. ಸ್ಕ್ಯಾನರ್ ಗಾಜಿಗೆ ಮಳೆಗಾಲದಲ್ಲಿ ಮಂಜು ಹಿಡಿಯುತ್ತದೆ, ಹಳೆಯ ಕನ್ನಡಕದ ಬಟ್ಟೆ ಸಾಕು. ಇನ್ನೂ ಒಂದು ಉಪಾಯವಿದೆ, ಮಲ್ಲಿಗೆ ಕಟ್ಟುವ ಅಜ್ಜಿಯೊಬ್ಬರು ಹೇಳಿಕೊಟ್ಟದ್ದು. ಅದನ್ನು ಬರೆಯುವುದಿಲ್ಲ, ಬಂದು ನೋಡಿದವರಿಗೆ ಹೇಳುತ್ತೇನೆ. ಈಗ ಐಪಿಪಿಬಿಯಲ್ಲಿ ಮುಖ ತೋರಿಸಿಯೂ ಆಗುತ್ತದೆ. ಆದರೆ ಜಗಲಿಯ ಬೆಳಕು ಹಿಂದಿನಿಂದ ಬಂದರೆ ಅದೂ ಕೈಕೊಡುತ್ತದೆ.

ಆರ್‌ಡಿಯಲ್ಲಿ (ತಿಂಗಳು ತಿಂಗಳು ಕಟ್ಟುವ ಉಳಿತಾಯ) ದೊಡ್ಡ ಪಾಠ. ಗೃಹಲಕ್ಷ್ಮಿ ಹೇಗೂ ಬರುತ್ತದಲ್ಲ ಎಂದು ತಲಾ ಸಾವಿರದ ಆರ್‌ಡಿ ಮಾಡಿಸಿದೆ, ಮೂವತ್ತು ಮೂವತ್ತೈದು. ಗೃಹಲಕ್ಷ್ಮಿಯ ಕಂತು ತಡವಾಯಿತು, ಆರ್‌ಡಿಯೂ ನಿಂತಿತು. ತಪ್ಪಿದ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ದಂಡ, ನಾಲ್ಕು ತಪ್ಪಿದರೆ ಖಾತೆಯೇ ಸ್ಥಗಿತ, ಮತ್ತೆ ಎಬ್ಬಿಸಲು ಎರಡೇ ತಿಂಗಳ ಅವಕಾಶ. ಹತ್ತು ಹನ್ನೆರಡು ಖಾತೆ ಹಾಗೇ ಸತ್ತವು. ಈಗ ಸಾವಿರದ ಒಂದರ ಬದಲು ಇನ್ನೂರರ ಐದು. ಕೈ ಬಿಗಿಯಾದರೆ ಎರಡನ್ನು ಬಿಟ್ಟು ಮೂರನ್ನು ನಡೆಸುತ್ತಾರೆ. ಎಂಟ್ರಿ ಐದು ಪಟ್ಟು, ಬೆನ್ನು ನೋವು ನಮ್ಮದು, ಇರಲಿ. ಮಲ್ಲಿಗೆಯವರಿಗೂ ಇದೇ ಸರಿ. ಒಂದು ಅಟ್ಟಿ (ಮಲ್ಲಿಗೆಯ ಅಳತೆ) ಹೂವಿಗೆ ಸಾವಿರ ದಾಟಿದ ದರ ನೂರಕ್ಕೆ ಇಳಿಯಲು ಎಷ್ಟು ದಿನ ಬೇಕು?

ದಿನಾಂಕವನ್ನೂ ನೋಡಿ ತೆರೆಯಬೇಕು. 15ರೊಳಗೆ ತೆರೆದ ಆರ್‌ಡಿಗೆ ಪ್ರತಿ ತಿಂಗಳು 15ರೊಳಗೆ ಕಟ್ಟಬೇಕು, 16ರ ನಂತರ ತೆರೆದದ್ದಕ್ಕೆ ತಿಂಗಳ ಕೊನೆಯವರೆಗೆ ಅವಕಾಶ. ಎಲ್ಲವನ್ನೂ ಒಂದೇ ಪಾಲಿಗೆ ಹಾಕಿದರೆ ಹದಿನೈದು ದಿನ ಪೆಟ್ಟಿಗೆ ತುಂಬಿ, ಮತ್ತೆ ಹದಿನೈದು ದಿನ ಖಾಲಿ. ಅರ್ಧರ್ಧ ಹಂಚಿದೆ. ಮಲ್ಪೆ ಬೋಟಿಗೆ ಹೋಗುವ ಮನೆಗಳಿಗೆ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆ ನಿಷೇಧ. ಮೇ ತಿಂಗಳಲ್ಲೇ ಮುಂಗಡ ಕಟ್ಟಿಸುತ್ತೇನೆ. ಆರು ಕಂತು ಒಟ್ಟಿಗೆ ಕಟ್ಟಿದರೆ ನೂರರ ಖಾತೆಗೆ ಹತ್ತು ರೂಪಾಯಿ ರಿಬೇಟ್, ಹನ್ನೆರಡಕ್ಕೆ ನಲವತ್ತು. ಇದು ಅರ್ಧ ಬಿಪಿಎಂಗಳಿಗೂ ನೆನಪಿರುವುದಿಲ್ಲ.

ನಡುವೆ ಹಲಸಿನ ಹಪ್ಪಳವನ್ನು ಮುಂಬೈಗೆ ಪಾರ್ಸೆಲ್ ಮಾಡಿಸುವ ಪ್ರಯೋಗವೂ ಆಯಿತು. ರಟ್ಟಿನ ಪೆಟ್ಟಿಗೆಯಲ್ಲಿ ಕಳಿಸಿದ್ದು ಪುಡಿಯಾಗಿ ಮುಟ್ಟಿತು. ಇಪ್ಪತ್ತೈದರ ಕಟ್ಟು ಬಾಳೆನಾರಲ್ಲಿ ಬಿಗಿದು, ಹಳೆಯ ಬಿಸ್ಕತ್ ಡಬ್ಬದಲ್ಲಿಟ್ಟು, ಸಂದಿಗೆ ಪೇಪರ್ ತುರುಕಿದರೆ ಇಡಿಯಾಗಿಯೇ ಮುಟ್ಟುತ್ತದೆ. ಡಬ್ಬದ ತೂಕ ಸೇರಿ ಹಂತ ದಾಟಿ ದರ ಏರುತ್ತದೆ, ಹಪ್ಪಳಕ್ಕಿಂತ ಅಂಚೆ ಖರ್ಚೇ ಹೆಚ್ಚು. ಕೈಬಿಟ್ಟೆ. ನವೆಂಬರಿನಲ್ಲಿ ಪಿಂಚಣಿದಾರರ ಜೀವನ ಪ್ರಮಾಣ ಪತ್ರ ಮಾತ್ರ ಒಳ್ಳೆಯ ಫಸಲು. ಒಂದಕ್ಕೆ ಎಪ್ಪತ್ತು ರೂಪಾಯಿ, ಮನೆಗೇ ಹೋಗಿ. ಬ್ಯಾಂಕುಗಳ ತವರಿನಲ್ಲಿ ಬ್ಯಾಂಕಿನಿಂದ ನಿವೃತ್ತರಾದವರೇ ನಮ್ಮ ಗಿರಾಕಿಗಳು. ಚಹಾ ಕುಡಿಯುವಾಗ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಶೇ. 8.2 ಬಡ್ಡಿಯ ಮಾತೆತ್ತಿದರೆ ಮುಂದಿನ ವಾರ ಚೆಕ್ ಬರುತ್ತದೆ.

ಖರ್ಚು: ಪೆಟ್ರೋಲಿಗೆ ತಿಂಗಳಿಗೆ ಎಂಟುನೂರರಷ್ಟು, ಇನ್ನೊಂದು ಕಂಪನಿಯ ಸಿಮ್, ಪವರ್ ಬ್ಯಾಂಕ್, ಎಲ್ಲ ಕೈಯಿಂದ. ಇನ್ಸೆಂಟಿವ್ ಮೊದಲ ವರ್ಷ ಪೆಟ್ರೋಲಿಗೂ ಸಾಲಲಿಲ್ಲ, ಎರಡನೇ ವರ್ಷ ಸಾಲಿ ಸ್ವಲ್ಪ ಉಳಿಯಿತು. ನಡೆಯುತ್ತಿರುವ ಆರ್‌ಡಿ ನೂರಹತ್ತರಿಂದ ನಾನೂರರ ಹತ್ತಿರ ಬಂದಿದೆ. ಮೇಲಿನ ಕಚೇರಿಯಿಂದ ಕ್ಯಾಶ್ ಬೇಡುವುದು ತಿಂಗಳಿಗೆ ಎಂಟು ಒಂಬತ್ತು ಸಲ ಇದ್ದದ್ದು ಈಗ ಒಂದೋ ಎರಡೋ. ಅದೂ ಚೌತಿ, ದೀಪಾವಳಿಯ ವಾರ. ಆಗ ಅಂಗಡಿಯವರು ಮಾಲು ತರಲು ನೋಟನ್ನು ಕೈಯಲ್ಲೇ ಇಟ್ಟುಕೊಳ್ಳುತ್ತಾರೆ, ಹಬ್ಬಕ್ಕೆ ನಾಲ್ಕು ದಿನ ಮೊದಲೇ ಬರೆದು ಕಳಿಸಬೇಕು.