ಲಿಫ್ಟ್ ರಿಪೋರ್ಟೂ ಇಂಗ್ಲಿಷಿನ ಜೋಡಿ ಪದಗಳೂ: ನನ್ನ ಅನುಭವ

ಹದಿನಾಲ್ಕು ವರ್ಷದಿಂದ ಬೆಂಗಳೂರಿನಲ್ಲಿ ಲಿಫ್ಟ್ ಸರ್ವಿಸ್ ಕೆಲಸ ಮಾಡುತ್ತಿದ್ದೇನೆ. ಮಲ್ಲೇಶ್ವರ, ರಾಜಾಜಿನಗರ, ಬಸವೇಶ್ವರನಗರ ನನ್ನ ಏರಿಯಾ. ಐಟಿಐ ಓದಿದ್ದು ತುಮಕೂರಿನಲ್ಲಿ, ಅದಕ್ಕೂ ಮೊದಲು ಪೂರ್ತಿ ಕನ್ನಡ ಮೀಡಿಯಂ. ಕೆಲಸಕ್ಕೆ ಕೈ ಬೇಗ ಪಳಗಿತು. ಕಷ್ಟವಾದದ್ದು ಕೆಲಸ ಮುಗಿದ ಮೇಲೆ ಬರೆಯಬೇಕಾದ ಎರಡು ಸಾಲು. ರಿಪೋರ್ಟ್ ಇಂಗ್ಲಿಷಿನಲ್ಲೇ ಇರಬೇಕು, ಯಾಕೆಂದರೆ ಅದನ್ನು ಓದಿ ಸ್ಪೇರ್ ಪಾರ್ಟ್ ಕಳಿಸುವವರಿಗೆ ಕನ್ನಡ ಬರುವುದಿಲ್ಲ. ಅವರು ಬೇರೆ ಊರಲ್ಲಿ ಕೂತಿರುತ್ತಾರೆ, ಲಿಫ್ಟನ್ನು ಕಣ್ಣಲ್ಲಿ ನೋಡಿರುವುದಿಲ್ಲ. ನಾನು ಬರೆದದ್ದೇ ಅವರಿಗೆ ಲಿಫ್ಟು.

ಕೆಲಸಕ್ಕೆ ಸೇರಿದ ಎರಡನೇ ವರ್ಷ ನಡೆದದ್ದು ಇದು. ಒಂದು ಅಪಾರ್ಟ್‌ಮೆಂಟಿನಲ್ಲಿ ಮೂರನೇ ಮಹಡಿಯ ಬಾಗಿಲಿನ ಲಾಕ್ ಕಾಂಟ್ಯಾಕ್ಟ್, ಅಂದರೆ ಬಾಗಿಲು ಮುಚ್ಚಿದಾಗ ಕರೆಂಟ್ ಕೂಡಿಸುವ ತುಂಡು, ಸವೆದಿತ್ತು. ಎಲ್ಲ ಮಹಡಿಯ ಲಾಕ್‌ಗಳೂ ಒಂದೇ ಸೇಫ್ಟಿ ಸರ್ಕ್ಯೂಟಿನಲ್ಲಿ ಸಾಲಾಗಿ ಇರುತ್ತವೆ. ಒಂದು ಕಾಂಟ್ಯಾಕ್ಟ್ ಬಿಟ್ಟರೂ ಮೋಟರಿಗೆ ಕರೆಂಟ್ ಕಟ್ ಆಗಿ ಬ್ರೇಕ್ ಹಿಡಿಯುತ್ತದೆ, ಲಿಫ್ಟ್ ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ. ಹಿಂದಿನ ವಾರವೂ ನಿಂತಿತ್ತು, ಆ ದಿನವೂ ನಿಂತಿತ್ತು. ಕಾಂಟ್ಯಾಕ್ಟ್ ಒರೆಸಿ, ಅಡ್ಜಸ್ಟ್ ಮಾಡಿ, ಹೊಸದು ಬೇಕು ಅಂತ ಬರೆದೆ. ಕಾರಣದ ಜಾಗದಲ್ಲಿ ‘ಲಿಫ್ಟ್ ಸ್ಟಾಪ್ಸ್ ನೌ ಅಂಡ್ ದೆನ್’ ಅಂತ ಹಾಕಿದೆ. ನೌ ಅಂದರೆ ಈಗ, ದೆನ್ ಅಂದರೆ ಆಗ. ಆಗಲೂ ನಿಂತಿತ್ತು, ಈಗಲೂ ನಿಂತಿದೆ, ಬಿಡದೆ ಕಾಡುತ್ತಿದೆ ಅನ್ನುವುದು ನನ್ನ ಲೆಕ್ಕ. ಓದಿದವರಿಗೆ ಆದ ಅರ್ಥವೇ ಬೇರೆ: ಎಂದಾದರೊಮ್ಮೆ ನಿಲ್ಲುತ್ತದೆ, ಅವಸರವಿಲ್ಲ. ಪಾರ್ಟ್ ಬರಲಿಲ್ಲ. ನಾಲ್ಕು ದಿನ ಕಳೆದು, ಮೂರನೇ ಮತ್ತು ನಾಲ್ಕನೇ ಮಹಡಿಯ ನಡುವೆ ಒಬ್ಬರು ಅಜ್ಜಿ ನಲವತ್ತು ನಿಮಿಷ ಸಿಕ್ಕಿಹಾಕಿಕೊಂಡರು. ನಾನೇ ಹೋಗಿ ಮೆಷಿನ್ ರೂಮಿನಲ್ಲಿ ಕೈಯಿಂದ ಬ್ರೇಕ್ ಬಿಡಿಸಿ ಲಿಫ್ಟನ್ನು ಮಹಡಿಯ ಮಟ್ಟಕ್ಕೆ ತಂದು ಬಾಗಿಲು ತೆಗೆದೆ. ಸೆರಗಲ್ಲಿ ಮುಖ ಒರೆಸಿಕೊಳ್ಳುತ್ತಾ, ‘ದಿನಾ ನಿಲ್ಲುತ್ತೆ ಅಂತ ನಿಂಗೆ ಹೇಳಿದ್ದೆ ತಾನೆ ಕಣಪ್ಪಾ’ ಅಂದರು. ಹೇಳಿದ್ದರು. ನಾನೂ ಬರೆದಿದ್ದೆ. ಬರೆದದ್ದು ಅದಲ್ಲ ಅಂತ ಗೊತ್ತಾಗಿದ್ದು ಆಫೀಸಿನಲ್ಲಿ ಆ ಸಾಲನ್ನು ನನ್ನ ಮುಂದಿಟ್ಟು ಬಿಡಿಸಿ ಹೇಳಿದಾಗ.

ಅಂದಿನಿಂದ ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟೆ. ಇಂಥ ಜೋಡಿ ಕಿವಿಗೆ ಬಿದ್ದಾಗಲೆಲ್ಲ ಅದರಲ್ಲಿ ಬರೆದುಕೊಳ್ಳುತ್ತಿದ್ದೆ. ಜೋಡಿಯನ್ನು ಒಂಟಿಯಾಗಿ ಬರೆಯಬಾರದು ಅಂತ ಮೊದಲೇ ನಿಯಮ ಹಾಕಿಕೊಂಡೆ. ಯಾವ ಕ್ರಿಯಾಪದದ ಜೊತೆ ಬಂತೋ ಅದರ ಸಮೇತ ಬರೆಯಬೇಕು, ಪಕ್ಕದಲ್ಲಿ ನಮ್ಮ ಮನೆಯಲ್ಲಿ ಅದಕ್ಕೆ ಏನು ಅನ್ನುತ್ತೇವೋ ಅದು ಇರಬೇಕು.

ಹೈಸ್ಕೂಲಿನ ವ್ಯಾಕರಣ ನೆರವಿಗೆ ಬಂದದ್ದು ಇಲ್ಲೇ. ದ್ವಿರುಕ್ತಿ, ಜೋಡುನುಡಿ ಅಂತ ಪಾಠ ಇತ್ತಲ್ಲ! ಮತ್ತೆ ಮತ್ತೆ, ಬೇಗ ಬೇಗ, ಅಲ್ಲಲ್ಲಿ, ಬಿಟ್ಟು ಬಿಟ್ಟು, ಹಿಂದೆ ಮುಂದೆ, ಮೇಲೆ ಕೆಳಗೆ. ಪದಗಳನ್ನು ಜೋಡಿಯಾಗಿ ನಿಲ್ಲಿಸಿ ಕ್ರಿಯೆ ಹೇಗೆ ನಡೆಯಿತು ಅಂತ ಹೇಳುವುದರಲ್ಲಿ ನಾವು ಯಾರಿಗೂ ಕಮ್ಮಿ ಇಲ್ಲ. ಹಾಗಾಗಿ ನಾನು ಹೊಸದಾಗಿ ಕಲಿಯಬೇಕಾದದ್ದು ಜೋಡಿ ಮಾಡುವುದನ್ನಲ್ಲ, ಅವರು ಯಾವುದನ್ನು ಯಾವುದರ ಜೊತೆ ಜೋಡಿಸುತ್ತಾರೆ ಅನ್ನುವುದನ್ನು.

‘ಬಿಟ್ಟು ಬಿಟ್ಟು’ ತೆಗೆದುಕೊಳ್ಳಿ. ಬಿಟ್ಟು ಬಿಟ್ಟು ಮಳೆ ಬರುತ್ತೆ, ಬಿಟ್ಟು ಬಿಟ್ಟು ಹೊಟ್ಟೆ ನೋಯುತ್ತೆ. ಇಂಗ್ಲಿಷಿನಲ್ಲಿ ಇದು ‘ಆನ್ ಅಂಡ್ ಆಫ್’. ‘ಇಟ್ ರೇನ್ಡ್ ಆನ್ ಅಂಡ್ ಆಫ್’. ಆನ್, ಆಫ್ ಅಂದರೆ ನನ್ನಂಥ ಎಲೆಕ್ಟ್ರಿಕಲ್ ಕೆಲಸದವನಿಗೆ ಸ್ವಿಚ್ಚೇ ಕಣ್ಣ ಮುಂದೆ ಬರುವುದು. ಮಳೆಗೂ ನೋವಿಗೂ ಅದೇ ಜೋಡಿ ಸಲ್ಲುತ್ತೆ ಅಂತ ಗೊತ್ತಾದ ದಿನ ತುಂಬಾ ಖುಷಿಯಾಯಿತು. ‘ಆಫ್ ಅಂಡ್ ಆನ್’ ಅಂತ ತಿರುಗಿಸಿದರೂ ನಡೆಯುತ್ತದೆ. ಆದರೆ ಎಲ್ಲ ಜೋಡಿಯೂ ಹೀಗೆ ತಿರುಗುವುದಿಲ್ಲ. ‘ಅಪ್ ಅಂಡ್ ಡೌನ್’ ಅನ್ನಬೇಕು, ‘ಬ್ಯಾಕ್ ಅಂಡ್ ಫೋರ್ತ್’ ಅನ್ನಬೇಕು, ಹಿಂದುಮುಂದು ಮಾಡಿದರೆ ಕಿವಿಗೆ ಒಗ್ಗುವುದಿಲ್ಲ. ನಾವು ಅಲ್ಲಿ ಇಲ್ಲಿ ಅಂತ ದೂರದಿಂದ ಶುರು ಮಾಡುತ್ತೇವೆ. ಅವರದು ‘ಹಿಯರ್ ಅಂಡ್ ದೇರ್’, ಇಲ್ಲಿಂದ ಅಲ್ಲಿಗೆ. ಇದಕ್ಕೆಲ್ಲ ಕಾರಣ ಹುಡುಕುತ್ತಾ ಕೂರದೆ ಬಾಯಿಪಾಠ ಮಾಡಿದೆ.

ಒಂದೇ ಪದ ಎರಡು ಸಲ ಬರುವ ಜೋಡಿಗಳಲ್ಲಿ ನಮ್ಮವರು ಎಡವುವುದು ಹೆಚ್ಚು. ಬೇಗ ಬೇಗ ಬಾ ಅನ್ನುವುದನ್ನು ‘ಕಮ್ ಫಾಸ್ಟ್ ಫಾಸ್ಟ್’ ಅನ್ನುತ್ತೇವೆ, ನಿಧಾನ ನಿಧಾನವಾಗಿ ಅನ್ನುವುದು ‘ಸ್ಲೋಲಿ ಸ್ಲೋಲಿ’ ಆಗುತ್ತದೆ. ಬೆಂಗಳೂರಿನಲ್ಲಿ ಮಾತಾಡುವಾಗ ಇದು ಎಲ್ಲರಿಗೂ ಅರ್ಥವಾಗುತ್ತದೆ, ತಪ್ಪು ಅಂತ ಯಾರನ್ನೂ ನಾನು ತಿದ್ದುವುದಿಲ್ಲ. ಬರೆಯುವಾಗ ಮಾತ್ರ ಬೇಡ. ಅಲ್ಲಿ ‘ವೆರಿ ಸ್ಲೋಲಿ’ ಸಾಕು. ಸ್ವಲ್ಪ ಸ್ವಲ್ಪವಾಗಿ ಅನ್ನಬೇಕಾದರೆ ‘ಲಿಟಲ್ ಬೈ ಲಿಟಲ್’ ಇದೆ, ಒಬ್ಬೊಬ್ಬರಾಗಿ ಅನ್ನುವುದಕ್ಕೆ ‘ಒನ್ ಬೈ ಒನ್’. ನಡುವೆ ಒಂದು ಅಂಡ್ ಅಥವಾ ಬೈ ಕೇಳುತ್ತದೆ ಆ ಭಾಷೆ. ಅಂಡ್ ಹಾಕಿ ಎರಡು ಸಲ ಹೇಳುವವೂ ಇವೆ. ‘ಅಗೇನ್ ಅಂಡ್ ಅಗೇನ್’ ಅಂದರೆ ಮತ್ತೆ ಮತ್ತೆ. ‘ಓವರ್ ಅಂಡ್ ಓವರ್’ ಕೂಡ ಹಾಗೇ, ಆದರೆ ಮಾಡಿದ್ದನ್ನೇ ಮಾಡುವ ಬೇಸರ ಅದರಲ್ಲಿ ಹೆಚ್ಚು ಕೇಳಿಸುತ್ತದೆ. ‘ಆನ್ ಅಂಡ್ ಆನ್’ ಇವೆರಡಕ್ಕಿಂತ ಬೇರೆ, ಅದರಲ್ಲಿ ನಿಲುಗಡೆಯೇ ಇಲ್ಲ. ಅಲಾರಂ ‘ರ‍್ಯಾಂಗ್ ಆನ್ ಅಂಡ್ ಆನ್’ ಅಂದರೆ ಒಂದೇ ಸಮನೆ ಹೊಡೆದುಕೊಂಡಿತು. ‘ಆನ್ ಅಂಡ್ ಆಫ್’ ಅಂದರೆ ಬಿಟ್ಟು ಬಿಟ್ಟು. ಕೊನೆಯ ಪದವೊಂದೇ ಬೇರೆ, ನಮಗೆ ಮಾತ್ರ ಒಂದರಲ್ಲಿ ವೈರ್ ಅಂಟಿಕೊಂಡಿದೆ, ಇನ್ನೊಂದರಲ್ಲಿ ಲೂಸ್ ಆಗಿದೆ.

ಜಾಗದ ವಿಷಯ. ನಮ್ಮಲ್ಲಿ ಕ್ರಿಯಾಪದ ಕೊನೆಗೆ, ಜೋಡಿ ಅದರ ಮುಂಚೆ: ಬಾಗಿಲು ಹಿಂದೆ ಮುಂದೆ ಆಡುತ್ತೆ. ಅವರಲ್ಲಿ ಮೊದಲು ‘ಮೂವ್ಸ್’, ಆಮೇಲೆ ‘ಬ್ಯಾಕ್ ಅಂಡ್ ಫೋರ್ತ್’. ಕರ್ಮಪದ ಇದ್ದರೆ ಅದನ್ನೂ ದಾಟಿ ನಿಲ್ಲಬೇಕು: ‘ಐ ಪ್ರೆಸ್ಡ್ ದಿ ಬಟನ್ ಅಗೇನ್ ಅಂಡ್ ಅಗೇನ್’. ಬಟನ್‌ಗೂ ಪ್ರೆಸ್‌ಗೂ ನಡುವೆ ಜೋಡಿಯನ್ನು ತುರುಕಬಾರದು. ಹೆಚ್ಚು ಕಡಿಮೆ ಅನ್ನುವ ‘ಮೋರ್ ಆರ್ ಲೆಸ್’ ಮಾತ್ರ ಸಾಮಾನ್ಯವಾಗಿ ಮುಂದೆಯೇ ಬರುತ್ತದೆ: ‘ದಿ ವರ್ಕ್ ಈಸ್ ಮೋರ್ ಆರ್ ಲೆಸ್ ಫಿನಿಶ್ಡ್’. ನಮ್ಮ ಹೆಚ್ಚು ಕಡಿಮೆಗೆ ಇನ್ನೊಂದು ಮುಖವಿದೆ. ‘ಏನಾದರೂ ಹೆಚ್ಚು ಕಡಿಮೆ ಆದರೆ’ ಅಂದಾಗ ಅಪಾಯದ ಮಾತು. ಆ ಅರ್ಥ ಅವರ ಜೋಡಿಯಲ್ಲಿ ಇಲ್ಲ. ಹಿಂದೆ ಮುಂದೆ ನೋಡದೆ ಅನ್ನುವುದಕ್ಕೂ ‘ಬ್ಯಾಕ್ ಅಂಡ್ ಫೋರ್ತ್’ ಒದಗುವುದಿಲ್ಲ.

ನನ್ನ ಊರಿನ ಗೆಳೆಯರು ಅನೇಕರು ರೈಲಿನಲ್ಲಿ ದಿನವೂ ತುಮಕೂರಿನಿಂದ ಬೆಂಗಳೂರಿಗೆ ‘ಅಪ್ ಅಂಡ್ ಡೌನ್’ ಮಾಡುತ್ತಾರೆ. ಹೋಗುವ ದಾರಿ ಸುಮಾರು 70 ಕಿಲೋಮೀಟರ್. ಕನ್ನಡದಲ್ಲಿ ಇದು ಸೊಗಸಾಗಿ ಕೂತಿದೆ, ‘ಮಾಡು’ ಒಂದನ್ನು ಸೇರಿಸಿದರೆ ಮುಗಿಯಿತು. ಇಂಗ್ಲಿಷಿನಲ್ಲಿ ‘ಡು’ ಸೇರಿಸಿದರೆ ಆಗುವುದಿಲ್ಲ, ‘ಟ್ರಾವೆಲ್ ಬ್ಯಾಕ್ ಅಂಡ್ ಫೋರ್ತ್’ ಅನ್ನಬೇಕು. ಟಕಟಕ, ಗಡಗಡ ಅನ್ನುವಂಥವು ಇನ್ನೂ ಕಷ್ಟ. ರಿಲೇ (ಕರೆಂಟಿನಿಂದ ತಾನಾಗೇ ಆಡುವ ಸ್ವಿಚ್) ಟಕಟಕ ಅನ್ನುತ್ತೆ ಅನ್ನುವುದಕ್ಕೆ ಅವರು ಸದ್ದನ್ನು ಕ್ರಿಯಾಪದಕ್ಕೇ ಕೊಟ್ಟು ‘ದಿ ರಿಲೇ ಕೀಪ್ಸ್ ಕ್ಲಿಕಿಂಗ್ ಆನ್ ಅಂಡ್ ಆಫ್’ ಅನ್ನುತ್ತಾರೆ.

‘ನೌ ಅಂಡ್ ದೆನ್’ಗೆ ನೋಟ್‌ಬುಕ್ಕಿನಲ್ಲಿ ಒಂದು ಪುಟವನ್ನೇ ಬಿಟ್ಟಿದ್ದೇನೆ. ಆಗಾಗ, ಆಗೊಮ್ಮೆ ಈಗೊಮ್ಮೆ. ನಮ್ಮ ಆಗೊಮ್ಮೆ ಈಗೊಮ್ಮೆಯಲ್ಲೂ ಅದೇ ಆಗ, ಅದೇ ಈಗ ಇವೆ. ಅಂದು ಅದು ಹೊಳೆದಿದ್ದರೆ! ಈಗ ನಾನು ರಿಪೋರ್ಟಿನಲ್ಲಿ ಆ ಜೋಡಿಯನ್ನು ಬಳಸುವುದೇ ಕಡಿಮೆ. ದಿನಕ್ಕೆ ಎಷ್ಟು ಸಲ ನಿಂತಿತು ಅಂತ ಸೆಕ್ಯೂರಿಟಿಯವರನ್ನು ಕೇಳಿ ಅಂಕಿಯನ್ನೇ ಬರೆಯುತ್ತೇನೆ. ಜೋಡಿ ಪದ ಬೇಕಾಗುವುದು ಚಲನೆ ಹೇಗಿದೆ ಅಂತ ಹೇಳುವುದಕ್ಕೆ, ಅದಕ್ಕೆ ಅಂಕಿ ಒದಗುವುದಿಲ್ಲ.

ಈಗ ನನ್ನ ಕೈಕೆಳಗೆ ಇಬ್ಬರು ಹುಡುಗರಿದ್ದಾರೆ. ಕಳೆದ ತಿಂಗಳು ಒಬ್ಬ ನಾಗರಭಾವಿಯಿಂದ ಫೋನ್ ಮಾಡಿದ.

‘ಅಣ್ಣಾ, ಲಿಫ್ಟ್ ಓಡುವಾಗ ಅಲ್ಲಾಡುತ್ತೆ. ಏನ್ ಬರೀಲಿ?’

‘ಹೆಂಗೆ ಅಲ್ಲಾಡುತ್ತೆ?’

‘ಅಲ್ಲಾಡುತ್ತೆ ಅಣ್ಣಾ, ಅಷ್ಟೇ.’

‘ಮೇಲೆ ಕೆಳಗೆ ಕುಣಿದ್ರೆ ಅಪ್ ಅಂಡ್ ಡೌನ್ ಅಂತ ಬರಿ, ರೋಪೂ ಬ್ರೇಕೂ ನೋಡಬೇಕಾಗುತ್ತೆ. ಆ ಕಡೆ ಈ ಕಡೆ ತೂಗಿದ್ರೆ ಫ್ರಮ್ ಸೈಡ್ ಟು ಸೈಡ್, ಆಗ ಹಳಿ ಹಿಡಿದು ಜಾರುವ ಗೈಡ್ ಶೂ ಸವೆದಿದೆಯಾ ನೋಡು. ಎರಡರಲ್ಲಿ ಯಾವುದು?’

ಅವನು ಒಂದು ಕ್ಷಣ ಸುಮ್ಮನಿದ್ದ.

‘ಇರಿ ಅಣ್ಣಾ, ಇನ್ನೊಂದ್ ಸಲ ಹತ್ತಿ ನೋಡ್ತೀನಿ’ ಅಂದ. ಫೋನಿನಲ್ಲಿ ಬಾಗಿಲು ಮುಚ್ಚುವ ಸದ್ದು ಕೇಳಿಸಿತು.