ಹೌನ್ಸ್‌ಲೋಗೆ ಹೊಸದಾಗಿ ಬಂದವರಿಗೆ: ಕೌನ್ಸಿಲ್, ಓಟು, ಹಬ್ಬದ ಅನುಮತಿ

ಲಂಡನ್ನಿನ ಹೌನ್ಸ್‌ಲೋದಲ್ಲಿ ಮನೆ ಹಿಡಿದ ಕುಟುಂಬಗಳು ಮೊದಲು ಕೇಳುವುದು ಅಕ್ಕಿ-ಬೇಳೆ ಎಲ್ಲಿ ಸಿಗುತ್ತದೆ, ಯಾವ ಶಾಲೆ ಚೆನ್ನಾಗಿದೆ ಅಂತ. ಅದಕ್ಕೆ ನಮ್ಮ ಕನ್ನಡ ಸಂಘದ ವಾಟ್ಸ್‌ಆ್ಯಪ್ ಗುಂಪೇ ಸಾಕು. ಗುಂಪಿನಲ್ಲಿ ಯಾರೂ ಕೇಳದ, ಕೇಳುವ ಹೊತ್ತಿಗೆ ತಡವಾಗಿಬಿಟ್ಟಿರುವ ವಿಷಯಗಳನ್ನು ಇಲ್ಲಿ ಬರೆದಿದ್ದೇವೆ. ಇಲ್ಲಿನ ಕೌನ್ಸಿಲ್ (ಸ್ಥಳೀಯ ಪಾಲಿಕೆ) ಏನು ಮಾಡುವುದಿದ್ದರೂ ಮೊದಲೇ ತಿಳಿಸುತ್ತದೆ. ಆದರೆ ತಿಳಿಸುವುದು ಹೆಚ್ಚಾಗಿ ಒಂದೇ ಸಲ, ಅದಕ್ಕೊಂದು ಗಡುವು ಇಟ್ಟು. ಗಡುವು ದಾಟಿದ ಮೇಲೆ ಕೌಂಟರಿನಲ್ಲಿ ನಿಂತು ಮಾತಾಡಿ ಕೆಲಸ ಮಾಡಿಸಿಕೊಳ್ಳೋಣ ಅಂದರೆ ಆಗುವುದಿಲ್ಲ.

ಯಾವ ಕೆಲಸ ಯಾರದು

ಲಂಡನ್ ಅಂದರೆ 32 ಬರೋಗಳು, ಅಂದರೆ ಸ್ವಂತ ಕೌನ್ಸಿಲ್ ಇರುವ ಆಡಳಿತ ವಿಭಾಗಗಳು, ಜೊತೆಗೆ ಸಿಟಿ ಆಫ್ ಲಂಡನ್. ಹೌನ್ಸ್‌ಲೋ ಬರೋ ಪೂರ್ವದ ಚಿಸಿಕ್‌ನಿಂದ ಬ್ರೆಂಟ್‌ಫರ್ಡ್, ಐಸಲ್‌ವರ್ತ್, ಹೆಸ್ಟನ್, ಕ್ರ್ಯಾನ್‌ಫರ್ಡ್ ಮೂಲಕ ಪಶ್ಚಿಮದ ಫೆಲ್ತಮ್, ಬೆಡ್‌ಫಾಂಟ್‌ವರೆಗೆ ಹಬ್ಬಿದೆ. ಅಂಚೆ ವಿಳಾಸ ನೋಡಿ ಬರೋ ಯಾವುದೆಂದು ತೀರ್ಮಾನಿಸಬೇಡಿ: ಡಬ್ಲ್ಯೂ4 ಪಿನ್‌ಕೋಡಿನ ಕೆಲವು ಬೀದಿಗಳು ಹೌನ್ಸ್‌ಲೋಗೆ ಸೇರಿದರೆ ಪಕ್ಕದ ಬೀದಿಗಳು ಈಲಿಂಗ್‌ಗೆ ಸೇರುತ್ತವೆ. ಸರ್ಕಾರದ ವೆಬ್‌ಸೈಟಿನಲ್ಲಿ ಪೋಸ್ಟ್‌ಕೋಡ್ ಹಾಕಿದರೆ ನಿಮ್ಮ ಕೌನ್ಸಿಲ್ ಯಾವುದೆಂದು ಬರುತ್ತದೆ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ನೋಡಿಕೊಳ್ಳಿ. ಕಸ ಒಯ್ಯುವ ದಿನ, ಪಾರ್ಕಿಂಗ್ ಪರ್ಮಿಟ್, ಶಾಲೆಯ ಅರ್ಜಿ ಎಲ್ಲವೂ ಅದರ ಮೇಲೇ ನಿಂತಿವೆ.

ಬರೋದಲ್ಲಿ 22 ವಾರ್ಡು, 62 ಕೌನ್ಸಿಲರುಗಳು. ಕಚೇರಿ ಬಾತ್ ರಸ್ತೆಯ ಹೌನ್ಸ್‌ಲೋ ಹೌಸ್. ಲೈಬ್ರರಿಯೂ ಅದೇ ಕಟ್ಟಡದಲ್ಲಿದೆ. ಮೇಯರ್ ಇಬ್ಬರು ಎಂಬುದು ಹೊಸಬರನ್ನು ಗೊಂದಲಕ್ಕೆ ಹಾಕುತ್ತದೆ. ಹೌನ್ಸ್‌ಲೋ ಮೇಯರ್ ಕೊರಳಲ್ಲಿ ಸರಪಳಿ ಹಾಕಿಕೊಂಡು ಸಮಾರಂಭಗಳಿಗೆ ಬರುವವರು, ಕೌನ್ಸಿಲರುಗಳು ಅವರನ್ನು ವರ್ಷಕ್ಕೊಮ್ಮೆ ಆರಿಸುತ್ತಾರೆ. ರಾಜ್ಯೋತ್ಸವಕ್ಕೆ ಕರೆಯಲು ಅವರೇ ಸರಿ, ದೂರು ಹೇಳಲು ಅಲ್ಲ. ಬರೋದ ಅಧಿಕಾರ ಇರುವುದು ಕೌನ್ಸಿಲ್ ಲೀಡರ್ ಮತ್ತು ಅವರ ಕ್ಯಾಬಿನೆಟ್ ಕೈಯಲ್ಲಿ. ಬಸ್ಸು, ಟ್ಯೂಬು, ಪೊಲೀಸ್ ವಿಷಯಗಳು ಲಂಡನ್ ಮೇಯರ್‌ಗೆ ಸೇರುತ್ತವೆ.

ರಸ್ತೆಯಲ್ಲಿ ಗುಂಡಿ ಕಂಡರೂ ಇದೇ ಲೆಕ್ಕ. ಮನೆ ಮುಂದಿನ ರಸ್ತೆ ಕೌನ್ಸಿಲ್‌ದು. ಎ4, ಎ316ರಂಥ ದೊಡ್ಡ ರಸ್ತೆಗಳು ನಗರದ ಸಾರಿಗೆ ಸಂಸ್ಥೆಯಾದ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್‌ದು. ಮೊದಲು ಆನ್‌ಲೈನಿನಲ್ಲಿ ದೂರು ಕೊಟ್ಟು ರೆಫರೆನ್ಸ್ ನಂಬರ್ ಪಡೆಯಿರಿ. ಕೆಲಸ ಆಗದಿದ್ದರೆ ಆ ನಂಬರು, ದಿನಾಂಕ, ಫೋಟೊ, ನಿಮ್ಮ ಪೂರ್ತಿ ವಿಳಾಸ ಹಾಕಿ ವಾರ್ಡಿನ ಕೌನ್ಸಿಲರಿಗೆ ಮೇಲ್ ಮಾಡಿ. ನಂಬರ್ ಇಲ್ಲದೆ ಬರೆದರೆ ಅವರು ಮೊದಲು ಅದನ್ನೇ ಕೇಳುತ್ತಾರೆ, ವಿಳಾಸ ಇಲ್ಲದಿದ್ದರೆ ನೀವು ಅವರ ವಾರ್ಡಿನವರೆಂದೇ ಗೊತ್ತಾಗುವುದಿಲ್ಲ.

ವಿಮಾನದ ಸದ್ದು ಮಾತ್ರ ಕೌನ್ಸಿಲ್ ಕೈಯಲ್ಲಿಲ್ಲ, ಆದರೂ ಒಂದು ಮಾತು. ಪಶ್ಚಿಮದ ಗಾಳಿ ಇರುವ ದಿನಗಳಲ್ಲಿ ಹೀತ್ರೂಗೆ ಇಳಿಯುವ ವಿಮಾನಗಳು ಮಧ್ಯಾಹ್ನ 3 ಗಂಟೆಗೆ ಒಂದು ರನ್‌ವೇಯಿಂದ ಇನ್ನೊಂದಕ್ಕೆ ಬದಲಾಗುತ್ತವೆ. ಬೆಳಿಗ್ಗೆ 11ಕ್ಕೆ ಹೋಗಿ ‘ಎಷ್ಟು ಶಾಂತವಾಗಿದೆ’ ಎಂದು ಮೆಚ್ಚಿದ ಮನೆಯ ಮೇಲೆ ಸಂಜೆ ಪೂರ್ತಿ ವಿಮಾನಗಳ ಸಾಲು ಹೋಗಬಹುದು. ಮನೆಯನ್ನು 3 ಗಂಟೆಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ನೋಡಿ. ಯಾವ ವಾರ ಯಾವ ರನ್‌ವೇ ಎಂಬ ವರ್ಷದ ಪಟ್ಟಿಯನ್ನು ವಿಮಾನ ನಿಲ್ದಾಣವೇ ಪ್ರಕಟಿಸುತ್ತದೆ. ಪೂರ್ವದ ಗಾಳಿ ಬೀಸಿದ ದಿನ ಈ ಲೆಕ್ಕ ನಡೆಯುವುದಿಲ್ಲ.

ವೀಸಾದಲ್ಲಿದ್ದರೂ ಓಟಿದೆ

ಬಹಳ ಮಂದಿಗೆ ಗೊತ್ತಿಲ್ಲದ್ದು ಇದು. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ಇಲ್ಲಿರಲು ಊರ್ಜಿತ ವೀಸಾ ಇರುವ 18 ತುಂಬಿದ ಭಾರತೀಯರು ಎಲ್ಲ ಚುನಾವಣೆಗಳಲ್ಲೂ ಓಟು ಹಾಕಬಹುದು: ಕೌನ್ಸಿಲ್, ಲಂಡನ್ ಮೇಯರ್, ಪಾರ್ಲಿಮೆಂಟ್ ಸಹ. ಕೆಲಸದ ವೀಸಾ, ವಿದ್ಯಾರ್ಥಿ ವೀಸಾ, ಡಿಪೆಂಡೆಂಟ್ ವೀಸಾ ಯಾವುದಾದರೂ ಸರಿ. ಚುನಾವಣೆಗೆ ನಿಲ್ಲಬೇಕಾದರೆ ಮಾತ್ರ ಕಾಯಂ ವಾಸದ ಅನುಮತಿ ಇರಬೇಕು. ಥೇಮ್ಸ್ ದಡದ ಲ್ಯಾಂಬೆತ್ ಬರೋಗೆ 2010-11ರಲ್ಲಿ ಮೇಯರ್ ಆಗಿದ್ದವರು ಕಲಬುರಗಿ ಮೂಲದ ನೀರಜ್ ಪಾಟೀಲ್. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ ಬಸವೇಶ್ವರರ ಪ್ರತಿಮೆ ಇರುವುದೂ ಅದೇ ಬರೋದಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಮೇಲೆ.

ಓಟರ್ ಪಟ್ಟಿಗೆ ಸೇರಲು ಆನ್‌ಲೈನಿನಲ್ಲಿ ಐದು ನಿಮಿಷ ಸಾಕು. ನ್ಯಾಷನಲ್ ಇನ್ಶೂರೆನ್ಸ್ ನಂಬರ್ (ಕೆಲಸ ಮಾಡುವವರಿಗೆ ಸರ್ಕಾರ ಕೊಡುವ ಸಂಖ್ಯೆ) ಕೇಳುತ್ತಾರೆ; ಇನ್ನೂ ಬಂದಿಲ್ಲದಿದ್ದರೆ ಬೇರೆ ದಾಖಲೆ ಕೊಡಬಹುದು. ಗಡುವು ಮತದಾನಕ್ಕೆ 12 ಕೆಲಸದ ದಿನ ಮೊದಲು. ಕೌನ್ಸಿಲ್ ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ, ಮೇ ತಿಂಗಳ ಮೊದಲ ಗುರುವಾರ: 2022, 2026, 2030. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರುಗಳೇ ಇರಲಿಲ್ಲ. ಅದನ್ನು ನೋಡಿ ಬಂದವರಿಗೆ ತಪ್ಪದೆ ಬರುವ ಚುನಾವಣೆ ವಿಚಿತ್ರ ಅನ್ನಿಸಬಹುದು.

ಮತಗಟ್ಟೆ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ತೆರೆದಿರುತ್ತದೆ. ಮನೆಗೆ ಬರುವ ಪೋಲಿಂಗ್ ಕಾರ್ಡ್ ಒಯ್ಯಲೇಬೇಕೆಂದಿಲ್ಲ, ಫೋಟೊ ಇರುವ ಗುರುತಿನ ದಾಖಲೆ ಬೇಕೇ ಬೇಕು. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಭಾರತದ ಡ್ರೈವಿಂಗ್ ಲೈಸೆನ್ಸ್, ಆಧಾರ್, ಆಫೀಸಿನ ಐಡಿ ಕಾರ್ಡ್ ನಡೆಯುವುದಿಲ್ಲ. ನಮ್ಮವರಿಗೆ ತೊಡಕಾಗುವುದು ಹೆಸರಿನಲ್ಲಿ. ಪಾಸ್‌ಪೋರ್ಟಿನಲ್ಲಿ ಊರು, ಅಪ್ಪನ ಹೆಸರು, ನಿಮ್ಮ ಹೆಸರು ಪೂರ್ತಿ ಬಿಡಿಸಿ ಬರೆದಿರುತ್ತದೆ, ಓಟರ್ ಪಟ್ಟಿಗೆ ನೀವು ‘ಎಚ್. ಎಂ. ರಾಘವೇಂದ್ರ’ ಎಂದು ಕೊಟ್ಟಿರುತ್ತೀರಿ. ಎರಡೂ ಒಂದೇ ಥರ ಇರಲಿ. ನೋಂದಾಯಿಸುವಾಗಲೇ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಟೈಪ್ ಮಾಡಿ. ಬ್ಯಾಂಕು ಸಾಲ ಕೊಡುವಾಗ ನೋಡುವ ಕ್ರೆಡಿಟ್ ದಾಖಲೆಗೂ ಈ ಪಟ್ಟಿಯಿಂದ ಅನುಕೂಲ. ಫಾರಂನಲ್ಲಿ ‘ಓಪನ್ ರಿಜಿಸ್ಟರ್’ (ಯಾರು ಬೇಕಾದರೂ ಕೊಳ್ಳಬಹುದಾದ ಪಟ್ಟಿ) ಬೇಡ ಎಂದು ಗುರುತು ಹಾಕಿದರೆ ಜಾಹೀರಾತಿನ ಕಾಗದಗಳು ಕಡಿಮೆಯಾಗುತ್ತವೆ.

ಕೌನ್ಸಿಲ್ ಮತಪತ್ರದಲ್ಲಿ ವಾರ್ಡಿಗೆ ಎರಡೋ ಮೂರೋ ಸ್ಥಾನ. ಮೂರಿದ್ದರೆ ಮೂವರ ಮುಂದೆ ಕತ್ತರಿ ಗುರುತು (X) ಹಾಕಬಹುದು, ಒಬ್ಬರಿಗೇ ಹಾಕಿ ಬಂದರೆ ಉಳಿದೆರಡು ಓಟು ಬಿಟ್ಟುಕೊಟ್ಟ ಹಾಗೆ. ನಾಲ್ವರಿಗೆ ಹಾಕಿದರೆ ಮತಪತ್ರವೇ ಅಸಿಂಧು.

ಕೌನ್ಸಿಲ್ ಟ್ಯಾಕ್ಸ್

ಕೌನ್ಸಿಲ್‌ನ ಸೇವೆಗಳಿಗಾಗಿ ಮನೆಯ ಮೇಲೆ ಹಾಕುವ ಈ ತೆರಿಗೆಯನ್ನು ಕಟ್ಟುವುದು ಬಾಡಿಗೆದಾರರು, ಮನೆ ಮಾಲೀಕರಲ್ಲ. ಕೋಣೆ ಕೋಣೆಯಾಗಿ ಬಾಡಿಗೆಗೆ ಕೊಟ್ಟ ಹಂಚಿಕೆ ಮನೆಗಳಲ್ಲಿ ಸಾಮಾನ್ಯವಾಗಿ ಮಾಲೀಕರೇ ಕಟ್ಟುತ್ತಾರೆ, ಕರಾರಿನಲ್ಲಿ ಬರೆಸಿಕೊಳ್ಳಿ. ಮನೆಗಳನ್ನು ‘ಎ’ಯಿಂದ ‘ಎಚ್’ವರೆಗಿನ ಬ್ಯಾಂಡುಗಳಿಗೆ ಹಾಕಿರುವುದು 1991ರ ಏಪ್ರಿಲ್ 1ರ ಬೆಲೆಯ ಆಧಾರದ ಮೇಲೆ, ಹಾಗಾಗಿ ಇವತ್ತಿನ ಬಾಡಿಗೆ ನೋಡಿ ಅಂದಾಜು ಮಾಡಲಾಗದು. ಬಿಲ್ಲು ದಿನದ ಲೆಕ್ಕದಲ್ಲಿ ಬರುತ್ತದೆ. ಬೀಗದ ಕೈ ಸಿಕ್ಕ ವಾರದಲ್ಲೇ ನೀವೇ ಕೌನ್ಸಿಲ್‌ಗೆ ತಿಳಿಸಿ. ಬಿಲ್ಲು ಬರಲಿಲ್ಲ ಎಂದು ಸುಮ್ಮನಿದ್ದರೆ ಆರು ತಿಂಗಳ ಬಾಕಿ ಒಟ್ಟಿಗೆ ಬಂದು ಕೂರುತ್ತದೆ. ಶಾಲೆಗೂ ಬ್ಯಾಂಕಿಗೂ ವಿಳಾಸದ ದಾಖಲೆ ಎಂದು ಕೊಡಲು ಇದೇ ಬಿಲ್ಲು ಬೇಕಾಗುತ್ತದೆ, ಅದಕ್ಕಾದರೂ ಬೇಗ ಮಾಡಿಸಿ.

ಪಾವತಿ ಮಾಮೂಲಿಯಾಗಿ ಏಪ್ರಿಲ್‌ನಿಂದ ಜನವರಿಗೆ 10 ಕಂತು. ಕೇಳಿದರೆ 12 ಮಾಡಿಕೊಡುತ್ತಾರೆ. ಒಂದು ಕಂತು ತಪ್ಪಿದರೆ 7 ದಿನದ ಜ್ಞಾಪನಾ ಪತ್ರ ಬರುತ್ತದೆ. ಅದಕ್ಕೂ ಕಟ್ಟದಿದ್ದರೆ ವರ್ಷದ ಬಾಕಿಯನ್ನೆಲ್ಲ ಒಟ್ಟಿಗೆ ಕೇಳುತ್ತಾರೆ, ಆಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಸಮನ್ಸ್, ಅದರ ಖರ್ಚೂ ನಿಮ್ಮ ತಲೆ ಮೇಲೆ.

ವೀಸಾದಲ್ಲಿರುವವರು ಒಂದು ವ್ಯತ್ಯಾಸ ತಿಳಿದಿರಲೇಬೇಕು. ಮನೆಯಲ್ಲಿ ವಯಸ್ಕರು ಒಬ್ಬರೇ ಇದ್ದರೆ ಸಿಗುವ ಶೇ 25ರ ರಿಯಾಯಿತಿಯನ್ನು ಯಾರು ಬೇಕಾದರೂ ಪಡೆಯಬಹುದು. ಹೆಂಡತಿ ಮಕ್ಕಳು ಊರಿನಿಂದ ಬರುವ ತನಕ ಒಬ್ಬರೇ ಇರುವವರು ಕೇಳಿ ಪಡೆಯಿರಿ, ಅವರು ಬಂದ ದಿನವೇ ತಿಳಿಸಿ ನಿಲ್ಲಿಸಿ. ಆದಾಯ ಕಡಿಮೆ ಎಂದು ಕೊಡುವ ‘ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್’ ಬೇರೆಯೇ. ಅದು ಸಾರ್ವಜನಿಕ ನಿಧಿಯ ಲೆಕ್ಕಕ್ಕೆ ಬರುತ್ತದೆ. ನಿಮ್ಮ ವೀಸಾದಲ್ಲಿ ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’ (ಆ ನಿಧಿಯಿಂದ ನೆರವು ಪಡೆಯುವಂತಿಲ್ಲ) ಎಂದಿದ್ದರೆ ಅದಕ್ಕೆ ಅರ್ಜಿ ಹಾಕುವುದು ವೀಸಾದ ಷರತ್ತು ಮುರಿದಂತೆ. ಸರ್ಕಾರಿ ಶಾಲೆಯ ಸೀಟು ಸಾರ್ವಜನಿಕ ನಿಧಿಯ ಪಟ್ಟಿಯಲ್ಲಿಲ್ಲ, ಹೆದರದೆ ಅರ್ಜಿ ಹಾಕಿ. ಸೆಕೆಂಡರಿಗೆ ಗಡುವು ಅಕ್ಟೋಬರ್ 31, ರಿಸೆಪ್ಷನ್ (ಶಾಲೆಯ ಮೊದಲ) ತರಗತಿಗೆ ಜನವರಿ 15. ವರ್ಷದ ಮಧ್ಯೆ ಬಂದವರಿಗೆ ‘ಇನ್-ಇಯರ್’ ಅರ್ಜಿ.

ಸುದ್ದಿ ಎಲ್ಲಿ ಸಿಗುತ್ತದೆ

ಕೌನ್ಸಿಲ್‌ನ ಸಭೆಗಳು ಸಾರ್ವಜನಿಕ, ಯಾರು ಬೇಕಾದರೂ ಹೋಗಿ ಕೂರಬಹುದು. ಸಭೆಗೆ ಕನಿಷ್ಠ ಐದು ದಿನ ಮೊದಲು ಅಜೆಂಡಾ ಪ್ರಕಟವಾಗಲೇಬೇಕು. ಇಡೀ ಅಜೆಂಡಾ ಓದಲು ಹೋಗಬೇಡಿ, ನೂರಾರು ಪುಟ ಇರುತ್ತದೆ. ನಿಮ್ಮ ಬೀದಿಯ ಹೆಸರು, ಮಕ್ಕಳ ಶಾಲೆಯ ಹೆಸರು ಹಾಕಿ ಹುಡುಕಿ, ಅಷ್ಟೇ.

ಪಕ್ಕದ ಮನೆಯವರು ಹಿತ್ತಲಲ್ಲಿ ಕಟ್ಟಲು ಕೌನ್ಸಿಲ್ ಅನುಮತಿ ಕೇಳಿದರೆ ನಿಮಗೆ ಪತ್ರ ಬರುತ್ತದೆ ಅಥವಾ ಕಂಬಕ್ಕೆ ನೋಟಿಸ್ ಅಂಟಿಸುತ್ತಾರೆ. ಅಭಿಪ್ರಾಯ ಹೇಳಲು 21 ದಿನ. ಬೆಳಕು, ಖಾಸಗಿತನ, ವಾಹನ ಸಂಚಾರ, ಸದ್ದು ಇವುಗಳ ಬಗ್ಗೆ ಬರೆದರೆ ಲೆಕ್ಕಕ್ಕೆ ಬರುತ್ತದೆ. ‘ನಮ್ಮ ಮನೆ ಬೆಲೆ ಬೀಳುತ್ತದೆ’ ಎಂದು ಬರೆದರೆ ಬದಿಗಿಡುತ್ತಾರೆ. ನೀವು ಬರೆದದ್ದನ್ನು ಪಕ್ಕದ ಮನೆಯವರೂ ಓದಬಹುದು ಎಂಬುದು ನೆನಪಿರಲಿ.

ಪ್ರತಿ ವಾರ್ಡಿಗೂ ಪೊಲೀಸರ ಒಂದು ನೆರೆಹೊರೆ ತಂಡ ಇದೆ. ಅದರ ವಾರ್ಡ್ ಪ್ಯಾನೆಲ್‌ನಲ್ಲಿ ನಿವಾಸಿಗಳು ಕೂತು ಯಾವುದಕ್ಕೆ ಮೊದಲ ಗಮನ ಎಂದು ನಿರ್ಧರಿಸುತ್ತಾರೆ. ನಮ್ಮ ಹೆಂಗಸರ ಚಿನ್ನದ ಸರ, ಮನೆಯಲ್ಲಿಟ್ಟ ಒಡವೆ ಕಳ್ಳತನವಾಗುವ ಕಡೆಗಳಲ್ಲಿ ಈ ಪ್ಯಾನೆಲ್‌ಗೆ ಒಬ್ಬರಾದರೂ ಕನ್ನಡಿಗರು ಹೋಗಬೇಕೆಂಬುದು ಸಂಘದ ಅಭಿಪ್ರಾಯ. ಇನ್ನು ವಾಟ್ಸ್‌ಆ್ಯಪಿನಲ್ಲಿ ಬರುವ ‘ಕೌನ್ಸಿಲ್ ಟ್ಯಾಕ್ಸ್ ಮರುಪಾವತಿ, ಇಲ್ಲಿ ಒತ್ತಿ’ ಎಂಬ ಸಂದೇಶ ಮೋಸ. ಒತ್ತಬೇಡಿ, ಮುಂದೆ ಕಳಿಸಬೇಡಿ.

ಹಾಲ್, ಹಬ್ಬ, ಊಟ

ರಾಜ್ಯೋತ್ಸವಕ್ಕೆ ಶಾಲೆಯ ಹಾಲ್ ಹಿಡಿಯುವಾಗ ಬಾಡಿಗೆಗಿಂತ ಮುಂಚೆ ನಾಲ್ಕು ಪ್ರಶ್ನೆ ಕೇಳಿ: ಬೆಂಕಿ ಸುರಕ್ಷತೆಯ ಲೆಕ್ಕದಲ್ಲಿ ಎಷ್ಟು ಜನ ಹಿಡಿಯುತ್ತದೆ, ಅಡಿಗೆಮನೆಯಲ್ಲಿ ಬಿಸಿ ಮಾಡಲು ಮಾತ್ರವೋ ಅಡಿಗೆಗೂ ಒಪ್ಪಿಗೆಯೋ, ಯಾವ ವಿಮೆ ಬೇಕು, ದೀಪ ಹಚ್ಚಬಹುದೋ. ವಿಮೆ ಎಂದರೆ ಪಬ್ಲಿಕ್ ಲಯಬಿಲಿಟಿ (ಬಂದವರಿಗೆ ಪೆಟ್ಟಾದರೆ, ಆಸ್ತಿ ಹಾಳಾದರೆ ಪರಿಹಾರ ಕೊಡುವುದು), ಸಾಮಾನ್ಯವಾಗಿ 50 ಲಕ್ಷ ಪೌಂಡಿನದು ಕೇಳುತ್ತಾರೆ. ದೀಪದ ಪ್ರಶ್ನೆ ಸಣ್ಣದಲ್ಲ. ಕರ್ಪೂರದಾರತಿಗೆ, ಊದುಬತ್ತಿಗೆ ಹೊಗೆಯ ಅಲಾರಂ ಹೊಡೆದುಕೊಂಡರೆ ಇಡೀ ಹಾಲ್ ಖಾಲಿ ಮಾಡಬೇಕು, ಕಾರ್ಯಕ್ರಮ ಅರ್ಧಕ್ಕೆ ನಿಲ್ಲುತ್ತದೆ. ಒಪ್ಪಿಗೆಯನ್ನು ಮೇಲ್‌ನಲ್ಲಿ ತೆಗೆದುಕೊಳ್ಳಿ. ಇಲ್ಲವೆಂದರೆ ಬ್ಯಾಟರಿ ದೀಪವೇ ಗತಿ.

ಲೈಸೆನ್ಸ್ ವಿಷಯದಲ್ಲಿ ಜನ ಅನಗತ್ಯವಾಗಿ ಹೆದರುತ್ತಾರೆ. ನಾಟಕ, ಯಕ್ಷಗಾನ, ನೃತ್ಯ ಬೆಳಿಗ್ಗೆ 8ರಿಂದ ರಾತ್ರಿ 11ರ ಒಳಗೆ, ಪ್ರೇಕ್ಷಕರು 500 ಮೀರದೆ ನಡೆದರೆ ಲೈಸೆನ್ಸ್ ಬೇಡ. ಸಮುದಾಯ ಭವನಗಳಲ್ಲಿ ಆಡಳಿತದವರ ಲಿಖಿತ ಒಪ್ಪಿಗೆ ಇದ್ದರೆ ಸಂಗೀತಕ್ಕೂ ಹಾಗೆಯೇ. ಮದ್ಯ ಮಾರುವುದಿದ್ದರೆ, 11 ದಾಟಿ ಹಾಡು ಅಥವಾ ಬಿಸಿ ಊಟದ ಮಾರಾಟ ಇದ್ದರೆ ‘ಟೆಂಪರರಿ ಈವೆಂಟ್ ನೋಟಿಸ್’ (ತಾತ್ಕಾಲಿಕ ಕಾರ್ಯಕ್ರಮದ ಬಗ್ಗೆ ಕೌನ್ಸಿಲ್‌ಗೆ ಕೊಡುವ ಸೂಚನೆ) ಬೇಕು. ಶುಲ್ಕ 21 ಪೌಂಡ್. ಒಂದು ಹೊತ್ತಿಗೆ ಒಳಗಿರುವವರು 499 ಮೀರಬಾರದು, ಸ್ವಯಂಸೇವಕರೂ ಕಲಾವಿದರೂ ಅದರಲ್ಲೇ ಸೇರಿದರು. ಹತ್ತು ಕೆಲಸದ ದಿನ ಮೊದಲು ಕೊಡಬೇಕು. ನೋಟಿಸ್ ತಲುಪಿದ ದಿನ, ಕಾರ್ಯಕ್ರಮದ ದಿನ ಎರಡನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಶನಿವಾರ-ಭಾನುವಾರವನ್ನೂ ಇಲ್ಲ. ಆದ್ದರಿಂದ ಮೂರು ವಾರ ಎಂದೇ ಇಟ್ಟುಕೊಳ್ಳಿ. ಐದರಿಂದ ಒಂಬತ್ತು ದಿನದೊಳಗಿನ ತಡದ ನೋಟಿಸನ್ನೂ ತೆಗೆದುಕೊಳ್ಳುತ್ತಾರೆ, ಆದರೆ ಅದಕ್ಕೆ ಪೊಲೀಸರು ಆಕ್ಷೇಪಿಸಿದರೆ ವಿಚಾರಣೆಯೂ ಇಲ್ಲ, ಅಲ್ಲಿಗೆ ಮುಗಿಯಿತು.

ಲಕ್ಕಿ ಡಿಪ್ ಟಿಕೆಟನ್ನು ಕಾರ್ಯಕ್ರಮದಲ್ಲೇ ಮಾರಿದರೆ ನೋಂದಣಿ ಬೇಡ. ವಾರ ಮೊದಲೇ ಹೊರಗೆ ಮಾರುವುದಾದರೆ ಸಂಘ ಕೌನ್ಸಿಲ್‌ನಲ್ಲಿ ನೋಂದಾಯಿಸಿರಬೇಕು: ಮೊದಲ ವರ್ಷ 40 ಪೌಂಡ್, ಆಮೇಲೆ ವರ್ಷಕ್ಕೆ 20.

ಊಟದಲ್ಲಿ ನಾವು ಎಡವುವುದು ಅಲರ್ಜಿ ಪಟ್ಟಿಯಲ್ಲಿ. ಕಾನೂನು ಹೆಸರಿಸಿರುವ 14 ಪದಾರ್ಥಗಳಲ್ಲಿ ಸಾಸಿವೆ ಇದೆ, ಎಳ್ಳು ಇದೆ, ಕಡಲೆಕಾಯಿ, ಗೋಡಂಬಿ, ಹಾಲು, ಗೋಧಿ ಇವೆ. ಅಂದರೆ ಒಗ್ಗರಣೆ ಹಾಕಿದ್ದೆಲ್ಲವೂ ಪಟ್ಟಿಗೆ ಬಂತು. ‘ಗೋಧಿ ಇಲ್ಲ’ ಎಂದು ಚಿತ್ರಾನ್ನಕ್ಕೆ ಚೀಟಿ ಅಂಟಿಸುವ ಮೊದಲು ಇಂಗಿನ ಡಬ್ಬಿ ತಿರುಗಿಸಿ ಓದಿ. ಅಂಗಡಿಯ ಇಂಗು ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆಸಿದ್ದೇ. ಮನೆಮನೆಯಿಂದ ತರುವ ಊಟವಾದರೆ ಪ್ರತಿ ಪಾತ್ರೆಯ ಜೊತೆ ಏನೇನು ಹಾಕಿದೆ ಎಂಬ ಚೀಟಿ ಇರಲಿ. ಯಾರಾದರೂ ವ್ಯಾಪಾರವಾಗಿ ಮನೆಯಿಂದ ಹೋಳಿಗೆ, ಚಕ್ಕುಲಿ ಮಾಡಿ ಮಾರುವುದಿದ್ದರೆ ಶುರುಮಾಡುವ 28 ದಿನ ಮೊದಲು ಕೌನ್ಸಿಲ್‌ನಲ್ಲಿ ನೋಂದಾಯಿಸಬೇಕು. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಪ್ಯಾಕ್ ಮಾಡಿಟ್ಟು ಮಾರುವ ಪೊಟ್ಟಣದ ಮೇಲೆ ಪದಾರ್ಥಗಳ ಪೂರ್ತಿ ಪಟ್ಟಿ ಇರಬೇಕೆಂಬ ನಿಯಮ 2021ರ ಅಕ್ಟೋಬರ್‌ನಿಂದ ಇದೆ.

ಗಣಪತಿಯನ್ನು ಒಪ್ಪಿಗೆ ಇಲ್ಲದೆ ನದಿಗೋ ಕಾಲುವೆಗೋ ಪಾರ್ಕಿನ ಕೊಳಕ್ಕೋ ಬಿಡಬೇಡಿ. ಬಣ್ಣವಿಲ್ಲದ ಮಣ್ಣಿನ ಗಣಪ ಮನೆಯ ಬಕೆಟ್ಟಿನಲ್ಲೇ ಕರಗುತ್ತಾನೆ.

ಪಟಾಕಿ ಮಾಮೂಲಿ ದಿನ ರಾತ್ರಿ 11ರ ಮೇಲೆ ಹೊಡೆಯುವಂತಿಲ್ಲ. ದೀಪಾವಳಿ ರಾತ್ರಿ 1 ಗಂಟೆವರೆಗೆ ವಿನಾಯಿತಿ. ಅದೂ ಸ್ವಂತ ಹಿತ್ತಲಲ್ಲಿ. ರಸ್ತೆಯಲ್ಲಿ, ಸಾರ್ವಜನಿಕ ಜಾಗದಲ್ಲಿ ಹಚ್ಚುವುದು ಅಪರಾಧ. 18 ತುಂಬದವರಿಗೆ ಸುರುಸುರು ಬತ್ತಿಯನ್ನೂ ಮಾರುವುದಿಲ್ಲ. ದೀಪಾವಳಿ ಹೊತ್ತಿನಲ್ಲಿ ಅಂಗಡಿಗಳಲ್ಲಿ ಪಟಾಕಿ ಸಿಗುವುದು ಅಕ್ಟೋಬರ್ 15ರಿಂದ ನವೆಂಬರ್ 10ರವರೆಗೆ, ಮತ್ತು ದೀಪಾವಳಿಗೆ ಮುಂಚಿನ ಮೂರು ದಿನ. ಹಿತ್ತಲಿಲ್ಲದ ಫ್ಲ್ಯಾಟಿನಲ್ಲಿ ಇರುವವರು ಕೊಳ್ಳಲು ಹೋಗಬೇಡಿ.